‘ಅಬೆ’ಗೆ ಮಠ ಅಂದರೆ ಸಾಕಾ? ರೀವೋ ಊರಿನ ಕತೆಗೆ ನಾಲ್ಕು ಪದ ಬೇಕು

ಎಲ್ಲರಿಗೂ ನಮಸ್ಕಾರ.

ಒಂದು ಪದ ಕೇಳೋಣ ಅಂತ ಬರೆಯಲು ಕೂತೆ. ಬರೆಯುತ್ತಾ ಬರೆಯುತ್ತಾ ಅದು ನಾಲ್ಕಾಯಿತು. ಸ್ವಲ್ಪ ಉದ್ದ ಇದೆ, ಬಿಡುವಾದಾಗ ಓದಿ.

ಇಂಗ್ಲೆಂಡಿನ ಯಾರ್ಕ್‌ಶೈರ್‌ನಲ್ಲಿ ರೀವೋ ಅಂತ ಒಂದು ಸಣ್ಣ ಹಳ್ಳಿ. ಬರೆಯುವುದು ಹೆಚ್ಚುಕಮ್ಮಿ ‘ರಿಯೆವಾಲ್ಕ್ಸ್’ ಅನ್ನುವ ಹಾಗೆ, ಕರೆಯುವುದು ರೀವೋ. ರೈ ಅನ್ನುವ ಹೊಳೆಯ ಕಣಿವೆ ಅಂತ ಅರ್ಥ, ಅದನ್ನೇ ಫ್ರೆಂಚ್ ಬಾಯಿಯವರು ಹೀಗೆ ಮಾಡಿದ್ದು. ಹೆಲ್ಮ್ಸ್‌ಲಿ ಪೇಟೆಯಿಂದ ನಡೆದೇ ಹೋಗಬಹುದು, ಐದು ಕಿಲೋಮೀಟರ್ ಆಸುಪಾಸು. ಹಳ್ಳಿಗೆ ಅಂಟಿಕೊಂಡೇ ದೊಡ್ಡದೊಂದು ಹಾಳು ಬಿದ್ದ ಕಟ್ಟಡ ನಿಂತಿದೆ. ಮೇಲೆ ಚಾವಣಿ ಇಲ್ಲ, ಕಮಾನುಗಳು ಮಾತ್ರ ಸಾಲಾಗಿ ಆಕಾಶಕ್ಕೆ ಎದ್ದಿವೆ. ಅದೇ ರೀವೋ ಅಬೆ, ಹಿಂದೆ ಕ್ರೈಸ್ತ ಸನ್ಯಾಸಿಗಳು ಇದ್ದ ಜಾಗ. ಹೋದ ಸಲ ಮಗಳ ಮನೆಗೆ ಹೋದಾಗ ನೋಡಿ ಬಂದೆ. ಅಲ್ಲಿನ ಗೆಳೆಯರ ಸ್ಮರಣ ಸಂಚಿಕೆಗೆ ಅದರ ಬಗ್ಗೆ ಕನ್ನಡದಲ್ಲಿ ಬರೆಯುತ್ತೇನೆ ಅಂತ ಒಪ್ಪಿಕೊಂಡೆ. ಮೊದಲ ಸಾಲಿನಲ್ಲೇ ಕೈ ನಿಂತುಹೋಯಿತು. ಅಬೆ ಅಂದರೆ ಕನ್ನಡದಲ್ಲಿ ಏನು?

‘ಅಬೆ’ ಅಂತಲೇ ಬರೆದರೆ ಆಗಲ್ವಾ ಅಂತ ಕೇಳಬಹುದು. ನಮ್ಮ ಮನೆಮಾತು ಹವ್ಯಕ. ಪುತ್ತೂರಿನ ನಮ್ಮ ದೊಡ್ಡಮ್ಮನಿಗೆ ಫೋನಿನಲ್ಲಿ ‘ಅಬ್ಬೆ ನೋಡಿ ಬಂದೆ’ ಅಂದಾಗ ಅವರು ಕೇಳಿದ್ದು ‘ಆರ ಅಬ್ಬೆ?’ ಅಂತ. ನಮಗೆ ಅಬ್ಬೆ ಅಂದರೆ ತಾಯಿ. ಹಳಗನ್ನಡದಲ್ಲೂ ತಾಯಿಯೇ. ಮಡಿಕೇರಿಯ ಕಡೆಯವರಿಗೆ ಅಬ್ಬಿ ಅಂದರೆ ನೀರು ಧುಮುಕುವ ಜಾಗ, ಮಲೆನಾಡಿನಲ್ಲೂ ಹಾಗೇ ಅನ್ನುತ್ತಾರೆ. ಅಲ್ಲಿನ ಅಬ್ಬಿ ಫಾಲ್ಸನ್ನು ಇಂಗ್ಲಿಷ್ ಬೋರ್ಡುಗಳಲ್ಲಿ ಈ ಮಠದ ಪದದ ಸ್ಪೆಲಿಂಗಿನಲ್ಲೇ ಬರೆಯುವುದುಂಟು. ಅದನ್ನು ನೋಡಿದವರು ಅಲ್ಲಿ ಹಿಂದೆ ಯಾವುದೋ ಕ್ರೈಸ್ತ ಮಠ ಇತ್ತೇನೋ ಅಂದುಕೊಳ್ಳುತ್ತಾರೆ. ಅಬ್ಬಿ ನಮ್ಮದೇ ಪದ, ಅದಕ್ಕೂ ಇದಕ್ಕೂ ಏನೂ ಸಂಬಂಧ ಇಲ್ಲ. ಆದ್ದರಿಂದ ಬರೀ ಅಬೆ ಅಂತ ಬಿಟ್ಟರೆ ಓದುವವರಿಗೆ ಗೊಂದಲ.

ಇಂಗ್ಲಿಷಿನ ಪದ ಎಲ್ಲಿಂದ ಬಂತು ಅಂತ ನೋಡಿದರೆ ಇನ್ನೂ ಚೆನ್ನಾಗಿದೆ. ಅರಮಾಯಿಕ್ ಭಾಷೆಯಲ್ಲಿ ‘ಅಬ್ಬಾ’ ಅಂದರೆ ಅಪ್ಪ. ಅದು ಗ್ರೀಕ್, ಲ್ಯಾಟಿನ್ ದಾಟಿ ಮಠದ ಹಿರಿಯನಿಗೆ ‘ಅಬಟ್’ ಅಂತಾಯಿತು, ಆ ಹಿರಿಯ ನಡೆಸುವ ಜಾಗ ಅಬೆ ಆಯಿತು. ಉತ್ತರ ಕರ್ನಾಟಕದಲ್ಲಿ ಮಠದ ಸ್ವಾಮಿಗಳನ್ನು ಅಪ್ಪಾರು, ಅಪ್ಪಗೋಳು, ಅಜ್ಜಾರು ಅಂತ ಕರೆಯುತ್ತಾರಲ್ಲ, ಭಾವ ಅದೇ. ಎರಡು ಪದಗಳಿಗೆ ನಂಟಿದೆ ಅನ್ನುತ್ತಿಲ್ಲ, ದಯವಿಟ್ಟು ಆ ಚರ್ಚೆ ಬೇಡ. ಆದರೆ ಅಬಟ್‌ಗೆ ‘ಮಠಾಧೀಶ’ ಅನ್ನುವುದಕ್ಕಿಂತ ‘ಮಠದ ಅಪ್ಪ’ ಅನ್ನುವುದು ನನ್ನ ಕಿವಿಗೆ ಹತ್ತಿರ. ರೀವೋದಲ್ಲಿ 1147ರಿಂದ 1167ರವರೆಗೆ ಅಬಟ್ ಆಗಿದ್ದ ಏಲ್‌ರೆಡ್‌ಗಂತೂ ಆ ಮಾತು ಸಲ್ಲುತ್ತದೆ. ಕೊನೆಗಾಲದಲ್ಲಿ ಕೀಲುನೋವಿನಿಂದ ಮಲಗಿಬಿಟ್ಟಿದ್ದ. ಮಲಗಿದ್ದ ಸಣ್ಣ ಕೋಣೆಗೇ ಇಪ್ಪತ್ತು ಮೂವತ್ತು ಜನ ಸನ್ಯಾಸಿಗಳು ಬಂದು ಸುತ್ತ ಕೂತು ಮಾತಾಡುತ್ತಿದ್ದರು ಅಂತ ಅವನ ಜೊತೆಗಿದ್ದ ವಾಲ್ಟರ್ ಡೇನಿಯಲ್ ಬರೆದಿಟ್ಟಿದ್ದಾನೆ. ಹಬ್ಬದ ದಿನ ಇಗರ್ಜಿಯಲ್ಲಿ (ಚರ್ಚಿನಲ್ಲಿ) ಸನ್ಯಾಸಿಗಳು ಜೇನುಗೂಡಿನಲ್ಲಿ ಹುಳ ತುಂಬಿದ ಹಾಗೆ ತುಂಬಿರುತ್ತಿದ್ದರು ಅಂತಲೂ ಅವನೇ ಹೇಳುತ್ತಾನೆ.

ಸರಿ, ‘ಮಠ’ ಅನ್ನೋಣ. ನಿಘಂಟೂ ಅದನ್ನೇ ಹೇಳುತ್ತದೆ. ಬೆಂಗಳೂರಿನ ಕ್ಯಾಥೊಲಿಕರು ಪಾದ್ರಿಗಳನ್ನು ತಯಾರು ಮಾಡುವ ಜಾಗಕ್ಕೆ ಗುರುಮಠ ಅನ್ನುತ್ತಾರೆ. ಇನ್ನೊಂದು ದಾರಿಯೂ ಇದೆ. ಕೆಂಗೇರಿಯಲ್ಲಿ 1957ರಲ್ಲಿ ಶುರುವಾದ ಬೆನೆಡಿಕ್ಟೈನ್ ಪಂಥದ ಕ್ರೈಸ್ತ ಸನ್ಯಾಸಿಗಳು ತಮ್ಮ ಜಾಗಕ್ಕೆ ‘ಆಶೀರ್ವನಂ’ ಅಂತ ಹೆಸರಿಟ್ಟುಕೊಂಡರು, ಮಠ ಅನ್ನುವ ಗೋಜಿಗೇ ಹೋಗಲಿಲ್ಲ. ‘ಕಾನ್ವೆಂಟ್’ ಅಂದರೆ ನಮ್ಮಲ್ಲಿ ಇಂಗ್ಲಿಷ್ ಸ್ಕೂಲು ಅಂತಲೇ ಆಗಿಹೋಗಿದೆ, ಅದನ್ನು ಮುಟ್ಟುವ ಹಾಗಿಲ್ಲ. ಹಳೇ ಮೈಸೂರಿನಲ್ಲಿ ಕೂಲಿಮಠ ಅಂದರೂ ಸ್ಕೂಲೇ ಆಗಿತ್ತು. ಮಠ ಅನ್ನುವ ಪದವೂ ಕಾನ್ವೆಂಟ್ ಅನ್ನುವ ಪದವೂ ಬೇರೆ ಬೇರೆ ಕಡೆಯಿಂದ ಬಂದು ಒಂದೇ ಬೆಂಚಿನ ಮೇಲೆ ಕೂತವು. ಈ ವಿಷಯ ಇನ್ನೊಮ್ಮೆ ವಿವರವಾಗಿ ಮಾತಾಡಬೇಕು.

ನನ್ನ ತಕರಾರು ಇಷ್ಟೇ. ಮಠ ಅಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಜನ. ಬಾಗಿಲು ತೆಗೆದಿರುತ್ತದೆ, ದಾಸೋಹ ನಡೆಯುತ್ತಿರುತ್ತದೆ, ಸುತ್ತಲ ಹಳ್ಳಿಯವರು ಮಕ್ಕಳನ್ನು ಎತ್ತಿಕೊಂಡು ಬರುತ್ತಾರೆ, ಜಾತ್ರೆಗೆ ತೇರು ಎಳೆಯುತ್ತಾರೆ. ಇದು ಈಚಿನ ಮಾತೂ ಅಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯ ಕೋಡಿಯಮಠದ 1162ರ ಶಾಸನ ಇದೆಯಲ್ಲ, ಅದರಲ್ಲಿ ಆ ಮಠವನ್ನು ಕುಂಟರು, ಕುರುಡರು, ಕಿವುಡರಿಗೆ ಅನ್ನ ಸಿಗುವ ಜಾಗ, ಕಾಯಿಲೆಯವರಿಗೆ ಮದ್ದು ಸಿಗುವ ಜಾಗ, ವ್ಯಾಕರಣ ಕಲಿಸುವ ಜಾಗ ಅಂತ ಒಂದೊಂದಾಗಿ ಹೇಳುತ್ತಾ ಹೋಗುತ್ತಾರೆ. ಇಸವಿ ನೋಡಿ. ಬಳ್ಳಿಗಾವಿಯಲ್ಲಿ ಆ ಕಲ್ಲು ಕೆತ್ತಿದಾಗ ರೀವೋದಲ್ಲಿ ಏಲ್‌ರೆಡ್ ಬದುಕಿದ್ದ.

ರೀವೋ ಹಾಗಲ್ಲ. 1132ರಲ್ಲಿ ಹೆಲ್ಮ್ಸ್‌ಲಿಯ ಒಡೆಯ ವಾಲ್ಟರ್ ಎಸ್ಪೆಕ್ ಜಾಗ ಕೊಟ್ಟ, ಫ್ರಾನ್ಸಿನ ಕ್ಲೇರ್ವೋ ಮಠದಿಂದ ಸನ್ಯಾಸಿಗಳು ಬಂದರು. ಇವರು ಸಿಸ್ಟರ್ಸಿಯನ್ ಪಂಥದವರು, ಬಣ್ಣ ಹಾಕದ ಉಣ್ಣೆಬಟ್ಟೆ ಉಡುವವರು. (ಮಠ ಅಂದರೆ ಕಾವಿ ಅಂದುಕೊಳ್ಳುವ ನಮಗೆ ಇದೂ ಒಂದು ತೊಡಕು.) ಪೇಟೆಯಲ್ಲಿ, ಕೋಟೆಯಲ್ಲಿ, ಹಳ್ಳಿಯಲ್ಲಿ ಮಠ ಕಟ್ಟಬಾರದು, ಜನರಿಂದ ದೂರ ಇರಬೇಕು ಅನ್ನುವುದು ಅವರ ಕಟ್ಟಳೆ. ಹೆಂಗಸರಿಗೆ ಒಳಗೆ ಜಾಗ ಇಲ್ಲ. ಬಾಗಿಲಲ್ಲಿ ಬಡವರಿಗೆ ಕೊಡುತ್ತಿದ್ದರು, ಅದು ನಿಜ. ಆದರೆ ಹೊರಗಿನವರ ಪ್ರಾರ್ಥನೆಗೆ ಹೆಬ್ಬಾಗಿಲ ಬಳಿ ಬೇರೆಯೇ ಒಂದು ಸಣ್ಣ ಗುಡಿ. ಆ ಗುಡಿಯನ್ನೇ ರಿಪೇರಿ ಮಾಡಿ ಇವತ್ತು ಊರಿನ ಇಗರ್ಜಿ ಮಾಡಿಕೊಂಡಿದ್ದಾರೆ. ದೊಡ್ಡದು ಬಿತ್ತು, ಬಾಗಿಲಾಚೆಯದು ಉಳಿಯಿತು.

ಇಷ್ಟು ದೂರವನ್ನು ‘ಮಠ’ ಅನ್ನುವ ಒಂದೇ ಪದ ಹೇಳುತ್ತದಾ? ನಾನು ಸದ್ಯಕ್ಕೆ ‘ಒಳಮಠ’ ಅಂತ ಬರೆದಿಟ್ಟಿದ್ದೇನೆ. ತೃಪ್ತಿ ಇಲ್ಲ.

ಎರಡನೇ ಪದ ‘ಗ್ರೇಂಜ್’. ನನಗೆ ಎಲ್ಲಕ್ಕಿಂತ ಜಾಸ್ತಿ ಕಾಡಿದ್ದು ಇದೇ. ಮೂಲದಲ್ಲಿ ಲ್ಯಾಟಿನ್ನಿನ ಕಾಳು ಅನ್ನುವ ಪದದಿಂದ ಬಂದದ್ದು, ಹಾಗಾಗಿ ನಿಘಂಟಿನವರು ಕಣಜ ಅಂದುಬಿಡುತ್ತಾರೆ. ಈ ಸನ್ಯಾಸಿಗಳ ಲೆಕ್ಕದಲ್ಲಿ ಗ್ರೇಂಜ್ ಅಂದರೆ ಬರೀ ಕಣಜ ಅಲ್ಲ. ಹೊಲ, ಕೊಟ್ಟಿಗೆ, ಕಣ, ಕಣಜ, ಆಳುಗಳ ಮನೆ ಎಲ್ಲ ಸೇರಿದ ಒಂದು ಬೇಸಾಯದ ಠಾವು, ಪೂರ್ತಿ ಮಠದ ಕೈಯಲ್ಲಿರುವುದು. ರೀವೋಕ್ಕೆ ಎಸ್ಪೆಕ್ ಮೊದಲು ಕೊಟ್ಟ ಜಾಗದಲ್ಲೇ ಗ್ರಿಫ್ ಅಂತ ಒಂದು ಹಳ್ಳಿ ಇತ್ತು. 1086ರ ರಾಜನ ಲೆಕ್ಕಪುಸ್ತಕದಲ್ಲಿ ಅದರ ಹೆಸರಿದೆ. ಆಮೇಲೆ ಅದು ಮಠದ ಗ್ರೇಂಜ್ ಆಯಿತು, ಹಳ್ಳಿ ಹೋಯಿತು. ಈಗ ಅಲ್ಲಿ ಹುಲ್ಲಿನ ಕೆಳಗೆ ಉಬ್ಬುತಗ್ಗು ಮಾತ್ರ. ಹೊಳೆಯ ಆ ಕಡೆ 1143ರ ಹೊತ್ತಿಗೆ ಬಂದ ಇನ್ನೊಂದು ಗುಂಪು, ಬೈಲೆಂಡಿನ ಸನ್ಯಾಸಿಗಳು, ಅಲ್ಲಿದ್ದ ಊರಿನವರನ್ನು ಎಬ್ಬಿಸಿ ಸ್ವಲ್ಪ ಆಚೆ ಕೂರಿಸಿದರು. ಇವತ್ತಿನ ಓಲ್ಡ್ ಬೈಲೆಂಡ್ ಊರು ಹಾಗೆ ಆದದ್ದು. ಕೊನೆಗೆ ಇವರ ಗಂಟೆ ಅವರಿಗೆ, ಅವರ ಗಂಟೆ ಇವರಿಗೆ ಕೇಳಿ ಹೊತ್ತುಗೊತ್ತು ಗೊಂದಲವಾಗಿ 1147ರಲ್ಲಿ ಬೈಲೆಂಡಿನವರೇ ಜಾಗ ಬಿಟ್ಟರು. ಗಂಟೆಯ ಸದ್ದು ಅಡ್ಡ ಬಂತು ಅಂತ ಮಠವೇ ಎದ್ದುಹೋಯಿತು. ಅದಕ್ಕೂ ಮೊದಲು ಎದ್ದುಹೋದ ಹಳ್ಳಿಯವರದು ಒಬ್ಬರ ಹೆಸರೂ ಯಾರಿಗೂ ನೆನಪಿಲ್ಲ. ಬರೆಯುವಾಗ ನನಗೆ ನೋವಾಗುವುದು ಇಲ್ಲೇ.

ಗ್ರಿಫ್‌ನಂಥ ಊರಿಗೆ ನಮ್ಮಲ್ಲಿ ಒಳ್ಳೆಯ ಪದ ಇದೆ. ತಾಲ್ಲೂಕು ಕಚೇರಿಯಲ್ಲಿದ್ದ ನಮ್ಮ ಮಾವ ಯಾವಾಗಲೂ ಹೇಳುತ್ತಿದ್ದರು, ಬೇಚರಾಕ್ ಗ್ರಾಮ. ದಾಖಲೆಯಲ್ಲಿ ಊರಿದೆ, ಸರ್ವೆ ನಂಬರ್ ಇದೆ, ಗಡಿಕಲ್ಲು ಇದೆ, ಜನ ಇಲ್ಲ. ಪಾರ್ಸಿಯ ‘ಬೇ ಚಿರಾಗ್’, ಅಂದರೆ ದೀಪ ಇಲ್ಲದ್ದು. ಇಂಗ್ಲಿಷಿನಲ್ಲಿ ‘ತೊರೆದ ಹಳ್ಳಿ’ ಅನ್ನುವ ಅರ್ಥ ಬರುವ ಹಾಗೆ ಹೇಳುತ್ತಾರೆ. ಊರವರೇ ತೊರೆದು ಹೋದರು ಅನ್ನಿಸುತ್ತದೆ ಅದರಲ್ಲಿ. ಬೇಚರಾಕ್ ಅಂದರೆ ಯಾರ ಮೇಲೂ ಹೊರಿಸದೆ, ದೀಪ ಆರಿದೆ ಅಂತ ಮಾತ್ರ ಹೇಳುತ್ತದೆ. ಗ್ರಿಫ್‌ಗೆ ನಾನು ಇದನ್ನೇ ಹಾಕುತ್ತೇನೆ, ಇದರಲ್ಲಿ ಅನುಮಾನ ಇಲ್ಲ. ಗ್ರೇಂಜ್‌ಗೆ ಮಾತ್ರ ಸರಿಯಾದದ್ದು ಸಿಕ್ಕಿಲ್ಲ. ‘ಉಂಬಳಿ’ ಅಂದರೆ ಕೊಟ್ಟ ಭೂಮಿ ಆಯಿತು, ಅಲ್ಲಿನ ದುಡಿಮೆ ಬರಲಿಲ್ಲ. ‘ಮಠದ ಮಾನ್ಯ’ ಅಂದರೂ ಅಷ್ಟೇ. ನಮ್ಮಲ್ಲಿ ಭೂಮಿ ಮಠಕ್ಕೆ ಹೋದರೂ ಉಳುವವನು ಅಲ್ಲೇ ಇರುತ್ತಿದ್ದ, ಗೇಣಿ ಕೊಡುತ್ತಿದ್ದ.

ಅಲ್ಲಿ ಉಳುವವರು ಯಾರು ಅನ್ನುವುದೇ ಮೂರನೇ ಪದ. ಲ್ಯಾಟಿನ್ನಿನಲ್ಲಿ ‘ಕನ್ವರ್ಸಿ’. ದಯವಿಟ್ಟು ಯಾರೂ ಇದನ್ನು ‘ಮತಾಂತರಗೊಂಡವರು’ ಅಂತ ಮಾಡಬೇಡಿ. ಒಂದು ಅನುವಾದದಲ್ಲಿ ಹಾಗೆ ನೋಡಿ ಬೇಜಾರಾಯಿತು. ಅವರು ಹುಟ್ಟಿನಿಂದ ಕ್ರೈಸ್ತರೇ. ದೊಡ್ಡವರಾದ ಮೇಲೆ ಸಂಸಾರದಿಂದ ಮಠದ ಬಾಳಿಗೆ ತಿರುಗಿದವರು, ಹೆಚ್ಚಿನವರು ಓದು ಬರದವರು. ಗಡ್ಡ ಬಿಡುತ್ತಿದ್ದರು. ಪಡಸಾಲೆ ಬೇರೆ, ಮಲಗುವುದು ಬೇರೆ. ಹಾಡಿ ಪ್ರಾರ್ಥಿಸುವ ಸನ್ಯಾಸಿಗಳು ಒಂದು ಕಡೆ, ಕುರಿ ಕಾಯುವ, ಉಳುವ, ಕಲ್ಲು ಒಡೆಯುವ ಇವರು ಇನ್ನೊಂದು ಕಡೆ. ಏಲ್‌ರೆಡ್‌ನ ಕಾಲಕ್ಕೆ 140 ಸನ್ಯಾಸಿಗಳು, ದುಡಿಯುವವರು 500 ಅಂತ ವಾಲ್ಟರ್ ಡೇನಿಯಲ್ ಲೆಕ್ಕ ಕೊಡುತ್ತಾನೆ. ಹೊಳೆಯನ್ನೇ ಪಕ್ಕಕ್ಕೆ ತಿರುಗಿಸಿ ಗದ್ದೆ ಮಾಡಿದ ಮಠ ಅದು. ಆ ಕೆಲಸಕ್ಕೆ ಇಷ್ಟು ಕೈ ಬೇಕೇ ಬೇಕಲ್ವಾ. ಆಮೇಲೆ ಕುರಿಗಳಿಗೆ ಕಜ್ಜಿ ಬಂತು, ಮುಂಗಡ ಇಸಿದುಕೊಂಡ ಉಣ್ಣೆಯ ಸಾಲ ತಲೆಮೇಲೆ ಬಂತು, ಪ್ಲೇಗು ಬಂತು. 1381ಕ್ಕೆ ಅಬಟ್‌ನನ್ನು ಬಿಟ್ಟರೆ 14 ಸನ್ಯಾಸಿಗಳು, ಈ ದುಡಿಯುವವರು ಬರೀ 3 ಜನ. ಇವರಿಗೆ ‘ಕಾಯಕದ ಸಹೋದರರು’ ಅನ್ನಬಹುದಾ? ಕಾಯಕ ಅನ್ನುವ ಪದಕ್ಕೆ ನಮ್ಮಲ್ಲಿ ಎಷ್ಟು ತೂಕ ಇದೆ ಅಂದರೆ ಬಳಸಲು ಕೈ ನಡುಗುತ್ತದೆ. ಕಾಯಕ ಮಾಡುವವನು ಮೇಲು, ಇಲ್ಲಿ ದುಡಿಯುವವನನ್ನು ಹಿಂದಿನ ಸಾಲಿಗೆ ಕೂರಿಸಿದ್ದರು.

ನಾಲ್ಕನೆಯದು ಬೇಗ ಮುಗಿಸುತ್ತೇನೆ. ಇಂಗ್ಲೆಂಡಿನ ರಾಜ ಎಂಟನೇ ಹೆನ್ರಿ ಮಠಗಳನ್ನು ಮುಚ್ಚಿಸಿದ್ದಕ್ಕೆ ಪಠ್ಯಪುಸ್ತಕದ ಕನ್ನಡ ‘ವಿಸರ್ಜನೆ’. ವಿಸರ್ಜನೆ ಅಂದರೆ ನನಗೆ ಗಣಪತಿ ನೆನಪಾಗುತ್ತಾನೆ, ಇಲ್ಲಾಂದರೆ ವಿಧಾನಸಭೆ. 1538ರ ಡಿಸೆಂಬರಿನಲ್ಲಿ ರೀವೋದಲ್ಲಿ ಆದದ್ದು ‘ಮುಟ್ಟುಗೋಲು’. ಕಾಗದದ ಮೇಲೆ ಸನ್ಯಾಸಿಗಳೇ ಬರೆದುಕೊಟ್ಟ ಹಾಗಿದೆ, ಪಿಂಚಣಿಯೂ ಸಿಕ್ಕಿತು. ಆದರೆ ಚಾವಣಿಯ ಸೀಸ, ಗಂಟೆ ಎಲ್ಲ ರಾಜನ ಪಾಲು. ಸೀಸ ಕರಗಿಸಿ ಗಟ್ಟಿ ಎರಕ ಹೊಯ್ದರು, ರಾಜನ ಮುದ್ರೆ ಒತ್ತಿದರು. ಅದರಲ್ಲಿ ಕೆಲವು ಸಾಗಿಸುವ ಮೊದಲೇ ಕುಸಿದ ಕಲ್ಲಿನ ಅಡಿ ಸಿಕ್ಕಿಕೊಂಡವು. 1920ರ ದಶಕದಲ್ಲಿ ಕಲ್ಲು ತೆಗೆಯುವಾಗ ಸಿಕ್ಕಿದವು. ಯಾರ್ಕ್ ಮಿನ್‌ಸ್ಟರ್ ಅನ್ನುವ ದೊಡ್ಡ ಇಗರ್ಜಿಯ ‘ಐವರು ಅಕ್ಕತಂಗಿಯರ ಕಿಟಕಿ’ ರಿಪೇರಿಗೆ ಆ ಸೀಸ ಕೊಟ್ಟರು. ಮುಟ್ಟುಗೋಲಾದದ್ದು ನಾನೂರು ವರ್ಷ ಆದಮೇಲೆ ಮತ್ತೆ ಒಂದು ಇಗರ್ಜಿಗೇ ಸೇರಿತು.

ಆಮೇಲೆ ಬಂತು ಊರು. ಜಾಗ ರಟ್ಲೆಂಡಿನ ಅರ್ಲ್‌ನ ಕೈಗೆ ಹೋಯಿತು. ಅವನ ಮನೆತನದವರು ಅಲ್ಲಿ ಕಬ್ಬಿಣದ ಕುಲುಮೆ ನಡೆಸಿದರು, 1570ರ ದಶಕದಲ್ಲಿ ದೊಡ್ಡ ಊದುಕುಲುಮೆಯೇ ಹಾಕಿದರು. ಮಠದ ಆವರಣದೊಳಗೆ ಮನೆಗಳೆದ್ದವು, ಮಠದ ಕಲ್ಲಿನಲ್ಲೇ. ಒಂದು ಮನೆಯ ತೋಟದ ಗೋಡೆಯ ಮುಂದೆ ನಾನು ಸುಮಾರು ಹೊತ್ತು ನಿಂತಿದ್ದೆ. ಒರಟು ಕಲ್ಲುಗಳ ನಡುವೆ ಒಂದೇ ಒಂದು ಕಲ್ಲಿಗೆ ಹೆಬ್ಬೆರಳು ದಪ್ಪದ ಉರುಟು ಅಂಚು, ನಯವಾಗಿ ಕಡೆದದ್ದು. ಯಾವುದೋ ಕಮಾನಿನ ತುಂಡು. ಅದನ್ನು ಮಲಗಿಸಿ ಮೇಲೆ ಬೇರೆ ಕಲ್ಲಿಟ್ಟು ಗಾರೆ ತುಂಬಿದ್ದಾರೆ. ಮೇಲೆ ಪಾಚಿ. ಊರೊಳಗೆ ಬರಬಾರದು ಅಂತ ದೂರ ಕಟ್ಟಿದ ಮಠದ ಹೊಟ್ಟೆಯೊಳಗೇ ಊರು ಹುಟ್ಟಿದೆ.

ಹಾಗಾಗಿ ನನಗೆ ಬೇಕಾದದ್ದು: ಜನರನ್ನು ದೂರ ಇಟ್ಟ ಮಠಕ್ಕೆ ಒಂದು ಪದ, ಮಠವೇ ಬೇಸಾಯ ಮಾಡುವ ಠಾವಿಗೆ ಒಂದು ಪದ, ಆ ದುಡಿಯುವ ಸಹೋದರರಿಗೆ ಒಂದು ಪದ. ಮುಟ್ಟುಗೋಲು ಸರಿಯೇ ಅಂತಲೂ ಹೇಳಿ. ಶಾಸನ ಓದುವವರು ಇಲ್ಲಿ ಇದ್ದೀರಿ, ರೆವಿನ್ಯೂ ಇಲಾಖೆಯಲ್ಲಿ ಕೆಲಸ ಮಾಡಿದವರೂ ಇದ್ದೀರಿ. ಮಠದ ಸ್ವಂತ ಸಾಗುವಳಿ ಭೂಮಿಗೆ ನಿಮ್ಮ ಕಡೆ ಏನನ್ನುತ್ತಾರೆ? ಹೊಸದಾಗಿ ಕಟ್ಟಿದ ಪದಕ್ಕಿಂತ ಯಾರಾದರೂ ಬಾಯಲ್ಲಿ ಆಡಿದ ಪದ ಆದರೆ ಚೆನ್ನ. ತಿಂಗಳ ಕೊನೆಗೆ ಲೇಖನ ಕಳಿಸಬೇಕು.