ಕಲ್ಲುಮ್ಮಕಾಯಿ ಮರಿಗೆ ಪೆಟ್ಟು ಎಲ್ಲಿಂದ: ಕಡಲ ಆಮ್ಲತೆಯೋ, ನಮ್ಮ ಹೊಳೆ ನೀರೋ?

ಜೀವಶಾಸ್ತ್ರ_ವಿರಾಜಪೇಟೆ:
ನಮಸ್ಕಾರ. ಪಿಯುಸಿ ಮಕ್ಕಳಿಗೆ ಒಂದು ಪ್ರಾಜೆಕ್ಟ್ ಹೊಂದಿಸಬೇಕಿದೆ. ಕಣ್ಣೂರು, ತಲಶ್ಶೇರಿ ಕಡೆಯ ಕಲ್ಲುಮ್ಮಕಾಯಿಯೇ (ಕಡಲ ಬಂಡೆಗೆ ಅಂಟಿ ಬೆಳೆಯುವ ಚಿಪ್ಪಿನ ಜೀವಿ, ಮಂಗಳೂರಿನವರ ಪಚ್ಚಿಲೆ) ವಸ್ತು. ಕಡಲ ನೀರಿನ ಆಮ್ಲತೆ ಏರಿದರೆ ಚಿಪ್ಪು ಕರಗುತ್ತದೆ ಎಂದು ಪುಸ್ತಕದಲ್ಲಿದೆ. ಚಿಪ್ಪನ್ನು ವಿನೆಗರ್‌ನಲ್ಲಿ ಹಾಕಿ ತೋರಿಸಿದರೆ ಸಾಕೇ? ಇನ್ನೊಂದು, ನಮ್ಮ ಕಾಫಿ ತೋಟಗಳ ಬೋರ್ಡೋ (ಶಿಲೀಂಧ್ರ ರೋಗಕ್ಕೆ ಸಿಂಪಡಿಸುವ ತಾಮ್ರ-ಸುಣ್ಣದ ದ್ರಾವಣ), ಪಲ್ಪರ್ ನೀರು (ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಯಂತ್ರದ ಕೊಳೆ ನೀರು) ಹೊಳೆ ಹಿಡಿದು ಅಲ್ಲಿವರೆಗೆ ಹೋಗಿ ಮರಿಗಳಿಗೆ ತೊಂದರೆ ಕೊಡುತ್ತದೆಯೇ? ಬೆಳೆದ ಕಲ್ಲುಮ್ಮಕಾಯಿ ಅದೇ ನೀರಿನಲ್ಲಿ ಬದುಕಿರುತ್ತದಲ್ಲ, ಮರಿಗೆ ಮಾತ್ರ ಏಕೆ ಕಷ್ಟ?

ಅಳಿವೆ_ತಡಿ:
ಕೊನೆಯ ಪ್ರಶ್ನೆಯಿಂದ ಶುರು ಮಾಡುತ್ತೇನೆ, ಉಳಿದೆರಡಕ್ಕೂ ಉತ್ತರ ಅದರಲ್ಲೇ ಇದೆ.

ಮೊಟ್ಟೆ, ವೀರ್ಯ ಎರಡೂ ನೀರಿಗೇ ಬಿದ್ದು ಅಲ್ಲೇ ಕೂಡುತ್ತವೆ. ಅಲ್ಲಿಂದ 24ರಿಂದ 48 ಗಂಟೆಯೊಳಗೆ ಲಾರ್ವಾ ತನ್ನ ಮೊದಲ ಚಿಪ್ಪನ್ನು ಕಟ್ಟಿ ಮುಗಿಸಬೇಕು. ಇಂಗ್ಲಿಷಿನ ಡಿ ಅಕ್ಷರದಂತೆ ಕಾಣುವ ಆ ಚಿಪ್ಪಿನ ಅಗಲ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಅಷ್ಟು ಹೊತ್ತಿಗೆ ಅದು ಇನ್ನೂ ಸರಿಯಾಗಿ ಮೇಯಲು ಕಲಿತಿರುವುದಿಲ್ಲ. ತಾಯಿ ಮೊಟ್ಟೆಯಲ್ಲಿ ಇಟ್ಟುಕೊಟ್ಟ ಕೊಬ್ಬೇ ಅದರ ಬುತ್ತಿ. ಆಮ್ಲತೆ ಏರಿ, ಚಿಪ್ಪಿಗೆ ಬೇಕಾದ ಕಾರ್ಬೊನೇಟ್ ನೀರಿನಲ್ಲಿ ಕಡಿಮೆಯಾದರೆ ಅದೇ ಚಿಪ್ಪಿಗೆ ಹೆಚ್ಚು ಬುತ್ತಿ ಖರ್ಚಾಗುತ್ತದೆ. ಬುತ್ತಿ ಮುಗಿದರೆ ಚಿಪ್ಪು ಸೊಟ್ಟಗಾಗುತ್ತದೆ. ಕೆಲವು ಲಾರ್ವಾಗಳು ನೋಡಲು ಚೆನ್ನಾಗಿಯೇ ಇದ್ದು ಎರಡನೇ ವಾರದಲ್ಲಿ ಸಾಯುತ್ತವೆ. ಹಾಗಾಗಿ ‘ಚಿಪ್ಪು ಕರಗುತ್ತದೆ’ ಅನ್ನುವುದಕ್ಕಿಂತ ‘ಕಟ್ಟಲು ಶಕ್ತಿ ಸಾಲುವುದಿಲ್ಲ’ ಅನ್ನುವುದು ಸರಿ. ಬೆಳೆದದ್ದಕ್ಕೆ ಚಿಪ್ಪಿನ ಮೇಲೆ ಹೊದಿಕೆಯ ಪೊರೆ ಇದೆ, ಒಳಗೆ ಕೂಡಿಟ್ಟ ಆಹಾರದ ದೊಡ್ಡ ದಾಸ್ತಾನಿದೆ, ನೀರು ಕೆಟ್ಟರೆ ಬಾಯಿ ಮುಚ್ಚಿಕೊಂಡು ಕೂರುತ್ತದೆ. ಮೊದಲ ಚಿಪ್ಪು ಕಟ್ಟುತ್ತಿರುವ ಲಾರ್ವಾಗೆ ಆ ಸಣ್ಣ ಬುತ್ತಿ ಬಿಟ್ಟರೆ ಇವ್ಯಾವುವೂ ಇಲ್ಲ.

ಕೈಗಾರಿಕಾ ಯುಗಕ್ಕೆ ಮುಂಚೆ ಮೇಲ್ಮೈ ಕಡಲ ನೀರಿನ ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲತೆ ಹೆಚ್ಚು) ಸುಮಾರು 8.2 ಇತ್ತು, ಈಗ ಸುಮಾರು 8.1. ಅಂಕಿ ಚಿಕ್ಕದು, ಆದರೆ ಪಿಎಚ್ ಲಾಗ್ ಅಳತೆಯಾದ್ದರಿಂದ ಹೈಡ್ರೋಜನ್ ಅಯಾನು ಶೇ. 30ರ ಹತ್ತಿರ ಹೆಚ್ಚಿದೆ ಎಂದರ್ಥ. ಅಮೆರಿಕದ ಆರೆಗಾನ್ ತೀರದ ನೆಟಾರ್ಟ್ಸ್ ಕೊಲ್ಲಿಯ ಸಿಂಪಿ ಮರಿ ಕೇಂದ್ರದಲ್ಲಿ 2007ರಿಂದ ಲಾರ್ವಾಗಳು ರಾಶಿರಾಶಿ ಸತ್ತಾಗ ಮೊದಲು ಬ್ಯಾಕ್ಟೀರಿಯಾ ಎಂದುಕೊಂಡರು. ಆಮೇಲೆ ಗೊತ್ತಾಯಿತು, ಗಾಳಿಯ ಹೊಡೆತಕ್ಕೆ ಆಳದಿಂದ ಮೇಲೇಳುವ, ಇಂಗಾಲದ ಡೈಆಕ್ಸೈಡ್ ತುಂಬಿದ ತಣ್ಣೀರೇ ಕಾರಣ. ಅವರ ಪರಿಹಾರವೂ ಸರಳ: ತೊಟ್ಟಿಗೆ ಸೋಡಿಯಂ ಕಾರ್ಬೊನೇಟ್ ಬೆರೆಸುವುದು, ನೀರನ್ನು ಬೆಳಗಿನ ಜಾವ ತುಂಬದೆ ಮಧ್ಯಾಹ್ನದ ಮೇಲೆ ತುಂಬುವುದು. ಹಗಲಲ್ಲಿ ಕಡಲಹುಲ್ಲು, ಪಾಚಿ ಡೈಆಕ್ಸೈಡ್ ಹೀರುವುದರಿಂದ ಆ ಹೊತ್ತಿಗೆ ಪಿಎಚ್ ಏರಿರುತ್ತದೆ.

ನಮ್ಮ ಪಡುವಣ ಕಡಲಿನಲ್ಲೂ ಮಳೆಗಾಲದಲ್ಲಿ ಆಳದ ನೀರು ಹೀಗೆಯೇ ಮೇಲೇಳುತ್ತದೆ. ಕಲ್ಲುಮ್ಮಕಾಯಿ ಮೊಟ್ಟೆ ಬಿಡುವುದೂ ಮುಖ್ಯವಾಗಿ ಮಳೆಗಾಲದಲ್ಲೇ. ಬಂಡೆಗಳ ಮೇಲೆ ಮರಿ ಕಾಣಿಸುವುದು ಸೆಪ್ಟೆಂಬರ್ ಹೊತ್ತಿಗೆ.

ವಿನೆಗರ್ ಬೇಡ. ಅದರ ಪಿಎಚ್ 2.5ರ ಆಸುಪಾಸು. ಯಾವ ಕಡಲೂ ಹಾಗಾಗುವುದಿಲ್ಲ, ಮಕ್ಕಳ ತಲೆಯಲ್ಲಿ ತಪ್ಪು ಚಿತ್ರ ಉಳಿಯುತ್ತದೆ.

ಕಾಫಿ_ಮಣ್ಣು:
ಹೊಳೆ ವಿಷಯಕ್ಕೆ ಬರುವ ಮುಂಚೆ ಮಕ್ಕಳ ಕೈಗೆ ಜಿಲ್ಲೆಯ ನಕ್ಷೆ ಕೊಡಿ ಸರ್. ಕೊಡಗಿನ ಹೆಚ್ಚು ಭಾಗದ ನೀರು ಮೂಡಣಕ್ಕೆ ಹರಿಯುತ್ತದೆ. ಕಾವೇರಿ, ಹಾರಂಗಿ, ಲಕ್ಷ್ಮಣತೀರ್ಥ ಎಲ್ಲ ಕೃಷ್ಣರಾಜಸಾಗರ ಸೇರಿ ಬಂಗಾಳ ಕೊಲ್ಲಿಯ ದಾರಿ ಹಿಡಿಯುತ್ತವೆ. ಕಲ್ಲುಮ್ಮಕಾಯಿಯ ಕಡಲಿಗೆ ಹೋಗುವುದು ಪಡುವಣದ ಇಳಿಜಾರಿನ ನೀರು ಮಾತ್ರ: ಬಾರಪೊಳೆ ವಳಪಟ್ಟಣಂ ಹೊಳೆಗೆ ಕೂಡಿ ಕಣ್ಣೂರಿನ ಹತ್ತಿರ ಕಡಲಿಗೆ, ಪಯಸ್ವಿನಿ ಸುಳ್ಯದ ಮೇಲೆ ಹರಿದು ಚಂದ್ರಗಿರಿಯಾಗಿ ಕಾಸರಗೋಡಿಗೆ. ಸಿದ್ದಾಪುರದ ತೋಟದ ಬೋರ್ಡೋವನ್ನು ಕಣ್ಣೂರಿನ ಮರಿಯ ಲೆಕ್ಕಕ್ಕೆ ಬರೆಯಬಾರದು.

ಇನ್ನು ತಾಮ್ರ. ಶೇ. 1ರ ಬೋರ್ಡೋ ಎಂದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ. ಮೈಲುತುತ್ತದ ಕಾಲು ಭಾಗ ತಾಮ್ರ. 200 ಲೀಟರಿನ ಒಂದು ಡ್ರಮ್ಮಿನಲ್ಲಿ ಸುಮಾರು 500 ಗ್ರಾಂ ತಾಮ್ರವಿದೆ. ಸಿಂಪಿ, ಕಲ್ಲುಮ್ಮಕಾಯಿ ಜಾತಿಯ ಭ್ರೂಣಗಳ 48 ಗಂಟೆಯ ಪರೀಕ್ಷೆಯಲ್ಲಿ ಲೀಟರಿಗೆ 10 ಮೈಕ್ರೋಗ್ರಾಂ ಆಸುಪಾಸಿನ ತಾಮ್ರಕ್ಕೇ ಡಿ ಚಿಪ್ಪು ಕೆಡಲು ಶುರುವಾಗುತ್ತದೆ. ಒಂದು ಡ್ರಮ್ಮನ್ನು ಆ ಮಟ್ಟಕ್ಕೆ ತೆಳುವಾಗಿಸಲು ಐದು ಕೋಟಿ ಲೀಟರ್ ನೀರು ಬೇಕು. ಮಕ್ಕಳೇ ಈ ಲೆಕ್ಕ ಮಾಡಲಿ.

ಆದರೆ ಲೆಕ್ಕವನ್ನು ಅಲ್ಲಿಗೇ ನಿಲ್ಲಿಸಿದರೆ ಅನ್ಯಾಯ. ತಾಮ್ರ ನಮ್ಮ ಮಣ್ಣಿಗೆ, ಎಲೆಗೊಬ್ಬರದ ಸಾವಯವಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಭ್ರೂಣಕ್ಕೆ ವಿಷವಾಗುವುದು ನೀರಿನಲ್ಲಿ ಬಿಡಿಯಾಗಿರುವ ಅಯಾನು. ಹೊಳೆಗೆ ಇಳಿಯುವುದು ಹೆಚ್ಚಾಗಿ ಮೂರು ದಾರಿಯಲ್ಲಿ: ಸಿಂಪಡಿಸಿದ್ದು ಒಣಗುವ ಮೊದಲೇ ಮಳೆ ಹೊಡೆದಾಗ, ಡ್ರಮ್ಮು ಮತ್ತು ಸ್ಪ್ರೇಯರನ್ನು ತೋಡಿನಲ್ಲೇ ತೊಳೆದಾಗ, ಮಣ್ಣೇ ಕೊಚ್ಚಿ ಹೋದಾಗ. ಮೊದಲಿನ ಎರಡನ್ನು ತಡೆಯುವುದು ಪೂರ್ತಿ ನಮ್ಮ ಕೈಯಲ್ಲಿದೆ. ಉಳಿದ ದ್ರಾವಣವನ್ನು ಗಿಡಗಳ ಸಾಲಿಗೇ ಮತ್ತೊಮ್ಮೆ ಹೊಡೆದು ಮುಗಿಸಿ, ತೊಳೆದ ನೀರನ್ನು ತೋಡಿನಿಂದ ದೂರ ಮಣ್ಣಿಗೆ ಇಂಗಿಸಿ. ಕಲಸಿದ ಬೋರ್ಡೋದಲ್ಲಿ ಉಜ್ಜಿದ ಕಬ್ಬಿಣದ ಚಾಕು ಅದ್ದಿದಾಗ ಕೆಂಪು ಲೇಪ ಹಿಡಿದರೆ ಬಿಡಿ ತಾಮ್ರ ಉಳಿದಿದೆ, ಸುಣ್ಣ ಸಾಲದು. ಅಂಥ ದ್ರಾವಣ ಎಲೆಯನ್ನೂ ಸುಡುತ್ತದೆ, ಹೊಳೆಯನ್ನೂ ಕೆಡಿಸುತ್ತದೆ.

ಪಲ್ಪರ್ ನೀರಿನ ಕಥೆ ಬೇರೆ. ಅದು ಹರಿಯುವುದು ಕುಯ್ಲಿನ ಕಾಲದಲ್ಲಿ, ಹೊಳೆ ಬತ್ತುತ್ತಿರುವಾಗ. ಹುದುಗಿದರೆ ಅದರ ಪಿಎಚ್ 4ರ ಹತ್ತಿರಕ್ಕೆ ಇಳಿಯುತ್ತದೆ. ಸಾವಯವ ಕೊಳೆಯುವಾಗ ನೀರಿನ ಆಮ್ಲಜನಕ ತಿಂದು ಡೈಆಕ್ಸೈಡ್ ಬಿಡುತ್ತದೆ. ಹೆಚ್ಚಿನ ಹಾನಿ ಹತ್ತಿರದ ತೋಡಿಗೇ, ಅಳಿವೆಗೆ (ಹೊಳೆ ಕಡಲು ಸೇರುವಲ್ಲಿಗೆ) ತಲುಪುವಷ್ಟರಲ್ಲಿ ಬಹಳಷ್ಟು ಕಳೆದಿರುತ್ತದೆ.

ಜೀವಶಾಸ್ತ್ರ_ವಿರಾಜಪೇಟೆ:
ತುಂಬಾ ಉಪಕಾರವಾಯಿತು. ಹಾಗಾದರೆ ಬಾರಪೊಳೆ ಬದಿಯ ತೋಟಗಳೇ ಕಾರಣ ಎಂದು ಬರೆಯಬಹುದೇ?

ಅಳಿವೆ_ತಡಿ:
ಅಷ್ಟು ನೇರವಾಗಿ ಬರೆಯಬೇಡಿ. ಅಳಿವೆಯಲ್ಲಿ ಊರಿನ ಚರಂಡಿ ಇದೆ, ಬಂದರಿದೆ, ದೋಣಿಗಳ ತಳಕ್ಕೆ ಬಳಿಯುವ ತಾಮ್ರದ ಬಣ್ಣವಿದೆ. ಬಣ್ಣದ ವಿಷಯದಲ್ಲಿ ಇತಿಹಾಸವೇ ಇದೆ: ಟ್ರೈಬ್ಯೂಟೈಲ್ ಟಿನ್ (ತವರದ ಒಂದು ವಿಷ ಸಂಯುಕ್ತ) ಬೆರೆಸಿದ ಬಣ್ಣದಿಂದ ಫ್ರಾನ್ಸಿನ ಆರ್ಕಶೋನ್ ಕೊಲ್ಲಿಯಲ್ಲಿ ಸಿಂಪಿಯ ಮರಿ ನಿಲ್ಲದೆ, ಬೆಳೆದ ಚಿಪ್ಪು ವಿಕಾರವಾಗಿ ದಪ್ಪಗಾಯಿತು. ಅಲ್ಲಿ 1982ರಲ್ಲಿ ಸಣ್ಣ ದೋಣಿಗಳಿಗೆ ಅದನ್ನು ನಿಷೇಧಿಸಿದರು. ಅದನ್ನು ನಿಷೇಧಿಸುವ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂದದ್ದು 2008ರಲ್ಲಿ.

ಕೊಡಗಿನಿಂದ ಖಂಡಿತ ಇಳಿಯುವ ಎರಡು ಸಂಗತಿಗಳನ್ನು ಬರೆಯಿರಿ. ಒಂದು ಹೂಳು. 2018ರ ಆಗಸ್ಟಿನಲ್ಲಿ ಜೋಡುಪಾಲ, ಮದೆನಾಡು ಕಡೆ ಗುಡ್ಡ ಜಾರಿದಾಗಿನಂಥ ಕೆಸರು ನೀರಿನಲ್ಲಿ ಮರಿಯ ಕಿವಿರು ಮಣ್ಣು ಬೇರ್ಪಡಿಸುವುದರಲ್ಲೇ ದಣಿಯುತ್ತದೆ, ಅಂಟಿಕೊಳ್ಳಲು ಬೇಕಾದ ಬಂಡೆಯ ಮೇಲೂ ಕೆಸರು ಕೂರುತ್ತದೆ. ಇನ್ನೊಂದು ಸಿಹಿನೀರೇ. ನಮ್ಮ ಘಟ್ಟದ ಕಲ್ಲಿನಲ್ಲಿ ಸುಣ್ಣದಂಶ ಕಡಿಮೆ, ಹೊಳೆ ನೀರು ಮೆದು. ಮಳೆಗಾಲದಲ್ಲಿ ಅದು ಅಳಿವೆಗೆ ನುಗ್ಗಿದರೆ ಉಪ್ಪಿನ ಜೊತೆಗೆ ಕಾರ್ಬೊನೇಟ್ ಕೂಡ ತೆಳುವಾಗುತ್ತದೆ. ಅಳಿವೆಯಲ್ಲಿ ಹಗ್ಗಕ್ಕೆ ಕಟ್ಟಿ ಬೆಳೆಸುವವರು ಮಳೆಗೆ ಮುಂಚೆ, ಏಪ್ರಿಲ್-ಮೇ ಹೊತ್ತಿಗೇ ಕೊಯ್ಲು ಮುಗಿಸುವುದು ಉಪ್ಪು ಇಳಿಯುವ ಭಯಕ್ಕೇ.

ಹನಿ_ಅಳತೆ:
ಪ್ರಯೋಗಕ್ಕೆ ಇದು ಸಾಕು. 1 ಲೀಟರ್ ಡಿಸ್ಟಿಲ್ಡ್ ನೀರಿಗೆ 35 ಗ್ರಾಂ ಉಪ್ಪು, 0.2 ಗ್ರಾಂ ಅಡುಗೆ ಸೋಡಾ. ಕಡಲ ನೀರಿನ ಕ್ಷಾರ ಶಕ್ತಿಗೆ (ಆಮ್ಲವನ್ನು ತಡೆದುಕೊಳ್ಳುವ ಶಕ್ತಿಗೆ) ಹತ್ತಿರ ಬರುತ್ತದೆ. ಸೋಡಾ ಮರೆತರೆ ಪ್ರಯೋಗವೇ ಸುಳ್ಳಾಗುತ್ತದೆ. 0.2 ಗ್ರಾಂ ತೂಗಲು ತಕ್ಕಡಿ ಇಲ್ಲದಿದ್ದರೆ 2 ಗ್ರಾಂ ಅನ್ನು 100 ಮಿಲಿಯಲ್ಲಿ ಕರಗಿಸಿ, ಅದರ 10 ಮಿಲಿ ಹಾಕಿ.

ಮೂರು ಲೋಟ, ತಲಾ 100 ಮಿಲಿ: ಒಂದರಲ್ಲಿ ಈ ಉಪ್ಪುನೀರು, ಇನ್ನೊಂದರಲ್ಲಿ ಅರ್ಧ ಉಪ್ಪುನೀರು ಅರ್ಧ ಹೊಳೆ ನೀರು, ಮೂರನೆಯದರಲ್ಲಿ ಬರೀ ಹೊಳೆ ನೀರು. ಫೀನಾಲ್ ರೆಡ್ (ಆಮ್ಲತೆ ಏರಿದರೆ ಕೆಂಪಿನಿಂದ ಹಳದಿಯಾಗುವ ಸೂಚಕ) ಸಮಾನ ಹನಿ ಹಾಕಿ, ಸ್ಟ್ರಾದಲ್ಲಿ ಊದಿ, ಹಳದಿಯಾಗಲು ಎಷ್ಟು ಉಸಿರು ಬೇಕಾಯಿತು ಎಂದು ಎಣಿಸಿ. ಊದುವುದು ಮಾತ್ರ, ಹೀರುವಂತಿಲ್ಲ. ಹೊಳೆ ನೀರು ಬೇಗ ಸೋಲುತ್ತದೆ, ಅದೇ ಪಾಠ. ಆಮೇಲೆ ಮೊದಲ ಲೋಟಕ್ಕೆ ಅಕ್ವೇರಿಯಂ ಪಂಪಿನಿಂದ ರಾತ್ರಿಯಿಡೀ ಗಾಳಿ ಬಿಟ್ಟರೆ ಬಣ್ಣ ಮರಳುತ್ತದೆ. ವಿನೆಗರ್ ಸುರಿದ ನೀರು ಹಾಗೆ ಮರಳುವುದಿಲ್ಲ. ಈ ನೀರಿನಲ್ಲಿ ಕ್ಯಾಲ್ಸಿಯಂ ಇಲ್ಲ, ಹಾಗಾಗಿ ಚಿಪ್ಪು ಬೆಳೆಯುತ್ತದೋ ಇಲ್ಲವೋ ಎಂದು ಇದರಲ್ಲಿ ನೋಡಲು ಹೋಗಬೇಡಿ.

ಪಿಎಚ್ ಪೆನ್ ಮೀಟರ್ ಬಳಸುವುದಾದರೆ ಪ್ರತಿ ಸಲ ಪಿಎಚ್ 7 ಮತ್ತು 10ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರಾವಣದಲ್ಲಿ) ಸರಿಪಡಿಸಿಕೊಳ್ಳಿ. ಉಪ್ಪುನೀರಿನಲ್ಲಿ ಅದು 0.1ರಷ್ಟು ತಪ್ಪು ತೋರಿಸುವುದು ಸಾಮಾನ್ಯ. ಕಡಲಿನಲ್ಲಿ ಆಗಿರುವ ಇಳಿಕೆಯೇ ಅಷ್ಟು. ಆದ್ದರಿಂದ ಮೀಟರಿನ ಒಂದೇ ಅಂಕಿ ಹಿಡಿದು ತೀರ್ಮಾನ ಬರೆಯಬೇಡಿ, ಲೋಟಗಳ ನಡುವಿನ ವ್ಯತ್ಯಾಸ ಬರೆಯಿರಿ.