ಮಗಳನ್ನು ಜಪಾನಿನ ಹೈಸ್ಕೂಲಿಗೆ ವಿನಿಮಯ ವಿದ್ಯಾರ್ಥಿನಿಯಾಗಿ ಕಳಿಸಬಹುದೇ?

ಪ್ರಶ್ನೆ: ಮೈಸೂರಿನ ತಾಯಿ

ನಮ್ಮ ಮಗಳು ಈಗ ಪ್ರಥಮ ಪಿಯುಸಿ ಓದುತ್ತಿದ್ದಾಳೆ. ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮವೊಂದರ ಸಂದರ್ಶನದಲ್ಲಿ ಆಯ್ಕೆಯಾಗಿದ್ದಾಳೆ. ಎಲ್ಲವೂ ಅಂದುಕೊಂಡಂತೆ ನಡೆದರೆ ಬರುವ ಆಗಸ್ಟ್ ಕೊನೆಯಿಂದ ಮಾರ್ಚ್‌ವರೆಗೆ ಜಪಾನಿನ ಒಂದು ಹೈಸ್ಕೂಲಿನಲ್ಲಿ ಓದುತ್ತಾ ಅಲ್ಲಿಯ ಕುಟುಂಬವೊಂದರ ಮನೆಯಲ್ಲಿ ಇರುತ್ತಾಳೆ. ಯಾವ ಊರು, ಯಾವ ಶಾಲೆ ಎಂಬುದು ಇನ್ನೂ ನಿರ್ಧಾರವಾಗಿಲ್ಲ. ಅವಳಿಗೆ ಜಪಾನಿಯ ಮೂಲ ಲಿಪಿಗಳಲ್ಲೊಂದಾದ ಹಿರಗಾನ ಓದಲು ಬರುತ್ತದೆ, ಸಣ್ಣಪುಟ್ಟ ವಾಕ್ಯಗಳನ್ನು ಹೇಳಬಲ್ಲಳು, ಅಷ್ಟೇ. ನಮ್ಮದು ಸಸ್ಯಾಹಾರಿ ಮನೆ, ಮೊಟ್ಟೆಯನ್ನೂ ತಿನ್ನುವುದಿಲ್ಲ. ಅವಳ ತಂದೆಗೆ ಒಂದು ವರ್ಷ ವ್ಯರ್ಥವಾಗುತ್ತದೆ ಎಂಬ ಚಿಂತೆ. ನನಗಿರುವ ಚಿಂತೆ ಬೇರೆ. ದಿನವಿಡೀ ಅರ್ಥವಾಗದ ಪಾಠ ಕೇಳುತ್ತಾ ಕುಳಿತರೆ ಅವಳಿಗೆ ಅಲ್ಲಿಂದ ನಿಜವಾಗಿ ಏನು ದಕ್ಕುತ್ತದೆ? ಅಲ್ಲಿ ಓದಿ ಬಂದವರು ಅಥವಾ ಅಲ್ಲಿ ನೆಲೆಸಿರುವವರು ಉತ್ತರಿಸಿದರೆ ಉಪಕಾರವಾಗುತ್ತದೆ.

ಉತ್ತರ: ಹಿಂದೆ ವಿನಿಮಯ ವಿದ್ಯಾರ್ಥಿನಿಯಾಗಿದ್ದವಳು, ಬೆಂಗಳೂರು

ನಿಮ್ಮ ಕೊನೆಯ ಪ್ರಶ್ನೆಯನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ತರಗತಿಯ ಪಾಠಗಳಿಂದ ಮೊದಲ ಕೆಲವು ತಿಂಗಳು ಅವಳಿಗೆ ದಕ್ಕುವುದು ಬಹಳ ಕಡಿಮೆ ಎಂಬುದನ್ನು ಈಗಲೇ ಒಪ್ಪಿಕೊಂಡು ಹೊರಡುವುದು ಒಳ್ಳೆಯದು. ನಾನು ನಾಗಾನೊ ಪ್ರಾಂತ್ಯದ ಒಂದು ಸರ್ಕಾರಿ ಹೈಸ್ಕೂಲಿನಲ್ಲಿ ಎರಡನೆಯ ವರ್ಷದ ತರಗತಿಗೆ ಸೇರಿದ್ದೆ. ಅಲ್ಲಿ ಹೈಸ್ಕೂಲು ಎಂದರೆ ನಮ್ಮ ಹತ್ತರಿಂದ ಹನ್ನೆರಡನೆಯ ತರಗತಿಗೆ ಸಮನಾದ 3 ವರ್ಷಗಳು. ಕಡ್ಡಾಯ ಶಿಕ್ಷಣ ಅದಕ್ಕೂ ಹಿಂದಿನ 9 ವರ್ಷಗಳಿಗೇ ಮುಗಿಯುತ್ತದಾದರೂ ಬಹುತೇಕ ಎಲ್ಲ ಮಕ್ಕಳೂ ಪ್ರವೇಶ ಪರೀಕ್ಷೆ ಬರೆದು ಹೈಸ್ಕೂಲು ಸೇರುತ್ತಾರೆ. ಸಾಮಾನ್ಯ ಬಳಕೆಗೆಂದು ಸರ್ಕಾರ ಗೊತ್ತುಪಡಿಸಿರುವ 2136 ಕಾಂಜಿ (ಚೀನೀ ಮೂಲದ) ಅಕ್ಷರಗಳಲ್ಲಿ ಬಹುಪಾಲನ್ನು ಆ ಹೊತ್ತಿಗೆ ಕಲಿತಿರುವ ಮಕ್ಕಳ ನಡುವೆ ನಿಮ್ಮ ಮಗಳು ಕುಳಿತಿರುತ್ತಾಳೆ. ಪ್ರಾಚೀನ ಜಪಾನಿ ಸಾಹಿತ್ಯದ ಪಾಠ ಬಂದಾಗ ನನಗೆ ಪುಟ ತಿರುಗಿಸುವುದಷ್ಟೇ ಸಾಧ್ಯವಾಗುತ್ತಿತ್ತು. ಅಂಥ ಅವಧಿಗಳಲ್ಲಿ ನನ್ನನ್ನು ಗ್ರಂಥಾಲಯಕ್ಕೆ ಕಳಿಸಿ, ಬಿಡುವಿದ್ದ ಅಧ್ಯಾಪಕರೊಬ್ಬರು ಜಪಾನಿ ಹೇಳಿಕೊಡುತ್ತಿದ್ದರು. ಗಣಿತದಲ್ಲಿ ಮಾತ್ರ ತೊಂದರೆಯಾಗಲಿಲ್ಲ, ಕಪ್ಪುಹಲಗೆಯ ಮೇಲಿನ ಸಮೀಕರಣ ಎಲ್ಲಿಯಾದರೂ ಒಂದೇ.

ಹಾಗಾದರೆ ಶಾಲೆ ಎಲ್ಲಿದೆ ಎಂದರೆ, ಪಾಠದ ಆಚೆಗಿದೆ. ಬೆಳಿಗ್ಗೆ ಬಾಗಿಲಲ್ಲೇ ಹೊರಗಿನ ಬೂಟು ತೆಗೆದು ಗೂಡಿನಲ್ಲಿಟ್ಟು ಒಳಗಿನ ಮೆದು ಬೂಟು ತೊಡಬೇಕು. ಒಂದು ತರಗತಿಯವರು ಇಡೀ ದಿನ ಬಹುಮಟ್ಟಿಗೆ ತಮ್ಮ ಕೋಣೆಯಲ್ಲೇ ಇರುತ್ತಾರೆ, ಅಧ್ಯಾಪಕರು ಬಂದು ಹೋಗುತ್ತಾರೆ. ಪ್ರತಿ ಅವಧಿಯ ಆರಂಭದಲ್ಲಿ ಎದ್ದು ನಿಂತು ಬಾಗಿ ನಮಸ್ಕರಿಸಿ ಕುಳಿತುಕೊಳ್ಳಲು ವಿದ್ಯಾರ್ಥಿಯೊಬ್ಬರು ಸೂಚನೆ ಕೊಡುತ್ತಾರೆ, ಆ ಸರದಿ ವಿನಿಮಯ ವಿದ್ಯಾರ್ಥಿಗೂ ಬರುತ್ತದೆ. ದಿನಕ್ಕೊಮ್ಮೆ ಎಲ್ಲರೂ ಪೊರಕೆ, ಒದ್ದೆಬಟ್ಟೆ ಹಿಡಿದು ತರಗತಿ, ಮೆಟ್ಟಿಲು, ಶೌಚಾಲಯಗಳನ್ನು ಶುಚಿಗೊಳಿಸುತ್ತಾರೆ. ನಾನು ಮೊದಲು ಸರಾಗವಾಗಿ ಮಾತನಾಡಿದ್ದು ಆ ಹೊತ್ತಿನಲ್ಲಿ, ಏಕೆಂದರೆ ಕೈಯಲ್ಲಿ ಕೆಲಸವಿದ್ದಾಗ ಮಾತು ತಪ್ಪಿದರೂ ಯಾರೂ ಗಮನಿಸುವುದಿಲ್ಲ.

ಎಲ್ಲಕ್ಕಿಂತ ಮುಖ್ಯವಾದದ್ದು ಬುಕಾತ್ಸು, ಅಂದರೆ ಶಾಲೆಯ ನಂತರದ ಕ್ಲಬ್ಬು. ನಮ್ಮಲ್ಲಿ ವಾರಕ್ಕೊಮ್ಮೆ ನಡೆಯುವ ಪಠ್ಯೇತರ ಚಟುವಟಿಕೆಗೂ ಇದಕ್ಕೂ ಹೋಲಿಕೆಯೇ ಇಲ್ಲ. ಹೆಚ್ಚಿನ ಕ್ಲಬ್ಬುಗಳು ಬಹುತೇಕ ದಿನಾಲೂ, ಕೆಲವು ಶನಿವಾರ ಭಾನುವಾರಗಳಲ್ಲೂ ಸೇರುತ್ತವೆ, ಒಮ್ಮೆ ಸೇರಿದವರು ಸಾಮಾನ್ಯವಾಗಿ ಅದೇ ಕ್ಲಬ್ಬಿನಲ್ಲಿ ಕೊನೆಯವರೆಗೆ ಉಳಿಯುತ್ತಾರೆ. ನಾನು ಸೇರಿದ್ದು ಕ್ಯೂದೊ ಎಂಬ ಬಿಲ್ವಿದ್ಯೆಯ ಕ್ಲಬ್ಬನ್ನು. ಅಲ್ಲಿ ಗುರಿಹಲಗೆ 28 ಮೀಟರ್ ದೂರದಲ್ಲಿರುತ್ತದೆ, ಅದರ ಅಗಲ 36 ಸೆಂಟಿಮೀಟರ್. ಆದರೆ ಹೊಸಬರು ಮೊದಲ ವಾರಗಳಲ್ಲಿ ಗುರಿಯ ಮುಂದೆ ನಿಲ್ಲುವುದೇ ಇಲ್ಲ. ರಬ್ಬರಿನ ಪಟ್ಟಿ ಎಳೆದು ನಿಲುವನ್ನು ಅಭ್ಯಾಸ ಮಾಡಬೇಕು, ಉಳಿದವರು ಬಿಟ್ಟ ಬಾಣಗಳನ್ನು ಕಿತ್ತು ಒರೆಸಿ ತಂದುಕೊಡಬೇಕು. ಹಿರಿಯರಾದ ಸೆಂಪೈಗಳಿಗೆ ಗೌರವದ ಮಾತು, ಸಮಾನರಿಗೆ ಸಲಿಗೆಯ ಮಾತು ಎಂಬ ಭೇದವನ್ನು ನಾನು ಯಾವ ಪುಸ್ತಕದಿಂದಲೂ ಕಲಿತವಳಲ್ಲ, ಆ ಬಾಣಗಳನ್ನು ಒರೆಸುತ್ತಾ ಕಲಿತೆ. ಮಾತಿಗಿಂತ ಮೊದಲು ಮೈಯಿಂದ ಸೇರಿಕೊಳ್ಳಬಹುದಾದ ಜಾಗ ಅದೊಂದೇ. ಆದುದರಿಂದ ಕ್ಲಬ್ಬು ಬೇಡವೆಂದು ಮೂರೂವರೆಗೆ ಮನೆಗೆ ಮರಳುವ ವಿನಿಮಯ ವಿದ್ಯಾರ್ಥಿಗಳು ಬಹುದೊಡ್ಡದನ್ನು ಕಳೆದುಕೊಳ್ಳುತ್ತಾರೆ ಎಂದು ನಾನು ದೃಢವಾಗಿ ನಂಬುತ್ತೇನೆ.

ಮೊದಲ ಎರಡು ವಾರ ಎಲ್ಲರೂ ಅವಳನ್ನು ಸುತ್ತುವರಿದು ಹೆಸರು ಕೇಳುತ್ತಾರೆ, ಫೋಟೊ ತೆಗೆಸಿಕೊಳ್ಳುತ್ತಾರೆ. ಸೆಪ್ಟೆಂಬರ್ ಆಸುಪಾಸಿನಲ್ಲಿ ಹಲವು ಶಾಲೆಗಳಲ್ಲಿ ಬುಂಕಾಸೈ ಎಂಬ ಸಾಂಸ್ಕೃತಿಕ ಉತ್ಸವ ನಡೆಯುವುದರಿಂದ ಆ ಗಡಿಬಿಡಿಯಲ್ಲಿ ದಿನಗಳು ಸಂತೋಷವಾಗಿಯೇ ಸರಿಯುತ್ತವೆ. ಕಷ್ಟ ಬರುವುದು ಆಮೇಲೆ. ಶಾಲಾ ವರ್ಷ ಏಪ್ರಿಲ್‌ನಲ್ಲಿ ಆರಂಭವಾಗಿರುವುದರಿಂದ ಗೆಳೆತನದ ಗುಂಪುಗಳು ಆಗಲೇ ಗಟ್ಟಿಯಾಗಿರುತ್ತವೆ, ಉತ್ಸವ ಮುಗಿದ ಮೇಲೆ ಎಲ್ಲರೂ ತಮ್ಮ ತಮ್ಮ ಗುಂಪಿಗೆ ಹಿಂತಿರುಗುತ್ತಾರೆ, ಮಧ್ಯಾಹ್ನದ ಊಟದ ಡಬ್ಬಿ ಹಿಡಿದು ಎಲ್ಲಿ ಕುಳಿತುಕೊಳ್ಳುವುದೆಂಬುದೇ ದೊಡ್ಡ ಪ್ರಶ್ನೆಯಾಗುತ್ತದೆ. ಅದು ತಿರಸ್ಕಾರವಲ್ಲ. ಅಲ್ಲಿಯ ಮಕ್ಕಳು ತಾವಾಗಿ ಮುಂದೆ ಬಂದು ಮಾತನಾಡಿಸಲು ಹಿಂಜರಿಯುತ್ತಾರೆ, ಇಂಗ್ಲಿಷ್ ತಪ್ಪಾದೀತೆಂಬ ಭಯವೂ ಅವರಿಗಿರುತ್ತದೆ. ನಾವೇ ಹೋಗಿ ಪಕ್ಕದಲ್ಲಿ ಕುಳಿತರೆ ಯಾರೂ ಬೇಡವೆನ್ನುವುದಿಲ್ಲ. ಅಕ್ಟೋಬರ್, ನವೆಂಬರ್‌ಗಳಲ್ಲಿ ಅವಳು ಅತ್ತು ಫೋನು ಮಾಡಿದರೆ ಅದನ್ನು ಸೋಲೆಂದು ತಿಳಿಯಬೇಡಿ.

ಭಾಷೆಯ ವಿಷಯದಲ್ಲಿ ಕನ್ನಡದ ಮಕ್ಕಳಿಗೆ ಒಂದು ಅನುಕೂಲವಿದೆ. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿಯಂಥ ಪ್ರತ್ಯಯಗಳು ನಾಮಪದದ ನಂತರ ಅಂಟುತ್ತವೆ, ಹ್ರಸ್ವ-ದೀರ್ಘಗಳನ್ನೂ ಒತ್ತಕ್ಷರಗಳನ್ನೂ ನಮ್ಮ ಕಿವಿ ತಾನಾಗಿಯೇ ಬೇರ್ಪಡಿಸುತ್ತದೆ. ಇಂಗ್ಲಿಷಿನಲ್ಲಿ ಯೋಚಿಸಿ ಜಪಾನಿಗೆ ತರುವುದನ್ನು ಬಿಟ್ಟು ಕನ್ನಡದಿಂದ ನೇರವಾಗಿ ಕಲಿಯಲು ಅವಳಿಗೆ ಹೇಳಿ. ಹೊರಡುವುದಕ್ಕೆ ಮುನ್ನ ಹಿರಗಾನ, ಕತಕಾನ ಎಂಬ ಎರಡೂ ಲಿಪಿಗಳನ್ನು ತಡವರಿಸದೆ ಓದಲು ಬಂದು, ನೂರಿನ್ನೂರು ಕಾಂಜಿಗಳ ಪರಿಚಯವಾದರೆ ಸಾಕಷ್ಟು ದಾರಿ ಸವೆದಂತೆ. ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆ ಬೆಂಗಳೂರಿನಲ್ಲೂ ನಡೆಯುತ್ತದೆ. ಅದರ ಮೊದಲ ಮೆಟ್ಟಿಲಾದ ಎನ್5 ಅನ್ನು ಗುರಿಯಾಗಿಟ್ಟುಕೊಂಡು ಓದಿದರೆ ಕಲಿಕೆಗೆ ಒಂದು ಕ್ರಮ ಬರುತ್ತದೆ.

ಉತ್ತರ: ಪಿಯು ಕಾಲೇಜು ಉಪನ್ಯಾಸಕ, ಹಾಸನ

ಶೈಕ್ಷಣಿಕ ವರ್ಷದ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ. ವಿನಿಮಯ ವಿದ್ಯಾರ್ಥಿಗೆ ಅಲ್ಲಿಯ ಶಾಲೆ ಸಾಮಾನ್ಯವಾಗಿ ಹಾಜರಾತಿಯ ಅಥವಾ ಅವಧಿ ಪೂರ್ಣಗೊಳಿಸಿದ ಪ್ರಮಾಣಪತ್ರವನ್ನು ಕೊಡುತ್ತದೆ. ಅದು ನಮ್ಮ ಪಿಯುಸಿಗೆ ಬದಲಿಯಾಗುವುದಿಲ್ಲ ಎಂದೇ ತಿಳಿದು ಯೋಜನೆ ಮಾಡಿಕೊಳ್ಳಿ. ನಿಮ್ಮ ಮಗಳು ಮಾರ್ಚ್ ಹೊತ್ತಿಗೆ ಪ್ರಥಮ ಪಿಯುಸಿಯನ್ನು ಮುಗಿಸಿ, ಆಗಸ್ಟ್‌ನಲ್ಲಿ ಹೊರಟು, ಮರುವರ್ಷ ಮಾರ್ಚ್‌ನಲ್ಲಿ ಹಿಂತಿರುಗಿ ದ್ವಿತೀಯ ಪಿಯುಸಿಗೆ ಸೇರುವುದಾದರೆ ಯಾವ ತರಗತಿಯೂ ಅರ್ಧಕ್ಕೆ ನಿಲ್ಲುವುದಿಲ್ಲ. ದ್ವಿತೀಯ ಪಿಯುಸಿಗೆ ದಾಖಲಾಗಿ ನಡುವೆ ಹೋಗಿಬರುವ ಆಲೋಚನೆ ಮಾತ್ರ ಬೇಡ. ಶೇ. 75 ಹಾಜರಾತಿಯ ನಿಯಮ ಅಲ್ಲಿ ಅಡ್ಡ ಬರುತ್ತದೆ. ಹೊರಡುವ ಮುನ್ನ ಪ್ರಾಂಶುಪಾಲರನ್ನು ಕಂಡು, ಹಿಂತಿರುಗಿದ ಮೇಲೆ ಅದೇ ಕಾಲೇಜಿನಲ್ಲಿ ಸೀಟು ಸಿಗುವುದೆಂಬ ಮಾತನ್ನು ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಪ್ರವೇಶ ಪರೀಕ್ಷೆಗಳ ಬಗ್ಗೆ ತಂದೆಯವರಿಗೆ ಆತಂಕವಿದ್ದರೆ ಒಂದು ಮಾತು. ಜೆಇಇಯಂಥ ಪರೀಕ್ಷೆಗಳು ಅರ್ಹತೆಯನ್ನು ಎಣಿಸುವುದು ಹನ್ನೆರಡನೆಯ ತರಗತಿ ಪಾಸಾದ ವರ್ಷದಿಂದ, ಹೀಗಾಗಿ ಅದಕ್ಕೂ ಮೊದಲಿನ ಬಿಡುವು ಅವಕಾಶವನ್ನು ಕಡಿತಗೊಳಿಸುವುದಿಲ್ಲ. ಸಿಇಟಿಗೆ ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕೆಂಬ ಷರತ್ತು ಮೈಸೂರಿನಲ್ಲೇ ಓದಿ ಬೆಳೆದವಳಿಗೆ ತೊಂದರೆ ಕೊಡದು. ಆದರೂ ಭೌತಶಾಸ್ತ್ರ, ಗಣಿತಗಳ ಪ್ರಥಮ ವರ್ಷದ ಪುಸ್ತಕಗಳನ್ನು ಹಿಂತಿರುಗಿದ ಕೂಡಲೇ ಮತ್ತೆ ತೆರೆಯಬೇಕಾಗುತ್ತದೆ, ಅದಕ್ಕೆ ಏಪ್ರಿಲ್, ಮೇ ತಿಂಗಳುಗಳಿವೆ. ಅಲ್ಲಿಗೆ ಹೊತ್ತೊಯ್ದು ಓದಿಸುವ ಆಸೆಯನ್ನು ದಯವಿಟ್ಟು ಬಿಡಿ.

ಉತ್ತರ: ಯೊಕೊಹಾಮಾದಲ್ಲಿ ನೆಲೆಸಿರುವ ಕನ್ನಡತಿ

ಊಟದ ವಿಷಯವನ್ನು ಯಾರಾದರೂ ವಿವರವಾಗಿ ಹೇಳಲೇಬೇಕು, ಏಕೆಂದರೆ ಇಲ್ಲಿ ಎಡವಟ್ಟಾಗುವುದು ಕಣ್ಣಿಗೆ ಕಾಣುವ ಮಾಂಸ ಮೀನುಗಳಿಂದಲ್ಲ. ಜಪಾನಿ ಅಡಿಗೆಯ ತಳದಲ್ಲಿರುವುದು ದಾಶಿ ಎಂಬ ಸಾರು, ಅದನ್ನು ಸಾಮಾನ್ಯವಾಗಿ ಒಣಗಿಸಿದ ಬೊನಿಟೊ ಮೀನಿನ ಹೆರಕಲಿನಿಂದ ಅಥವಾ ಸಣ್ಣ ಒಣಮೀನಿನಿಂದ ತೆಗೆಯುತ್ತಾರೆ. ಮಿಸೊ ಸೂಪು, ಬೇಯಿಸಿದ ಕುಂಬಳ, ನೂಡಲ್ಸಿನ ಸಾರು, ತೋಫುವಿನ ಮೇಲೆ ಸುರಿಯುವ ರಸ, ಎಲ್ಲದರಲ್ಲೂ ಅದು ಇರಬಹುದು. ಜಪಾನಿ 'ಕರ್ರಿ' ಗೊಜ್ಜಿಗೆಂದು ಅಂಗಡಿಯಲ್ಲಿ ಸಿಗುವ ಸಿದ್ಧ ಮಸಾಲೆ ಗಟ್ಟಿಗಳಲ್ಲಿ ಪ್ರಾಣಿಕೊಬ್ಬು, ಬ್ರೆಡ್ಡಿನಲ್ಲಿ ಮೊಟ್ಟೆ, ಜೆಲ್ಲಿಯಲ್ಲಿ ಪ್ರಾಣಿಮೂಲದ ಜೆಲಟಿನ್ ಇರುವುದು ಸಾಮಾನ್ಯ. "ನಾನು ಸಸ್ಯಾಹಾರಿ" ಎಂದಷ್ಟೇ ಹೇಳಿದರೆ ಮನೆಯವರು ಪ್ರೀತಿಯಿಂದ ಮೀನಿನ ಸಾರಿನಲ್ಲಿ ಬೇಯಿಸಿದ ತರಕಾರಿಯನ್ನೇ ಬಡಿಸುತ್ತಾರೆ, ಅವರ ಲೆಕ್ಕದಲ್ಲಿ ಅದು ತರಕಾರಿಯೇ.

ಆದುದರಿಂದ ಮನೆಯಲ್ಲಿ ಕುಳಿತು ಈಗಲೇ ತೀರ್ಮಾನಿಸಿ: ಮೀನಿನ ದಾಶಿ ನಡೆಯುತ್ತದೆಯೇ, ಮೊಟ್ಟೆ ಬೆರೆತ ಬ್ರೆಡ್ಡು ನಡೆಯುತ್ತದೆಯೇ? ಯಾವುದೂ ನಡೆಯುವುದಿಲ್ಲವಾದರೆ ಅರ್ಜಿಯಲ್ಲಿ ಹಾಗೆಯೇ ಸ್ಪಷ್ಟವಾಗಿ ಬರೆಯಿರಿ. ಕುಟುಂಬ ಹುಡುಕುವುದು ಕಷ್ಟವಾಗಬಹುದು, ಆದರೆ ತಿಳಿದು ಒಪ್ಪಿಕೊಂಡ ಕುಟುಂಬ ಸಿಗುತ್ತದೆ. ಕೊಂಬು ಎಂಬ ಕಡಲಕಳೆಯಿಂದಲೂ ಶಿಯಿತಾಕೆ ಅಣಬೆಯಿಂದಲೂ ಒಳ್ಳೆಯ ದಾಶಿ ಆಗುತ್ತದೆ. ಬೌದ್ಧ ದೇವಾಲಯಗಳ ಶೋಜಿನ್ ಅಡಿಗೆ ಇಂಥ ಸಾರಿನ ಮೇಲೆಯೇ ನಿಂತಿದೆ, ಈ ಹೆಸರು ಹೇಳಿದರೆ ವಯಸ್ಸಾದವರಿಗೆ ತಕ್ಷಣ ಅರ್ಥವಾಗುತ್ತದೆ. ಹೈಸ್ಕೂಲುಗಳಲ್ಲಿ ಸಾಮಾನ್ಯವಾಗಿ ಶಾಲೆಯ ಊಟ ಇರುವುದಿಲ್ಲ, ಡಬ್ಬಿ ಒಯ್ಯಬೇಕು. ಮುಂಜಾನೆ ಎದ್ದು ಬೆಂತೊ ಕಟ್ಟುವ ಹೊರೆಯನ್ನು ಆ ಮನೆಯ ತಾಯಿಯೊಬ್ಬರ ಮೇಲೆಯೇ ಹಾಕದೆ, ವಾರದಲ್ಲಿ ಕೆಲವು ದಿನ ತನ್ನ ಡಬ್ಬಿಯನ್ನು ತಾನೇ ಮಾಡಿಕೊಳ್ಳುವಷ್ಟು ಅಡಿಗೆಯನ್ನು ಮಗಳಿಗೆ ಈ ಬೇಸಿಗೆಯಲ್ಲಿ ಕಲಿಸಿ. ಇಲ್ಲಿಯ ಅಂಟಂಟಾದ ಅಕ್ಕಿಯಲ್ಲಿ ಚಿತ್ರಾನ್ನ ಚೆನ್ನಾಗಿಯೇ ಆಗುತ್ತದೆ. ಆತಿಥ್ಯ ನೀಡುವ ಕುಟುಂಬಗಳಲ್ಲಿ ಹೆಚ್ಚಿನವರು ಹಣಕ್ಕಾಗಿ ಇದನ್ನು ಮಾಡುವವರಲ್ಲ, ಆದ್ದರಿಂದ ಅವಳು ಅತಿಥಿಯಂತೆ ಅಲ್ಲದೆ ಮನೆಯ ಮಗುವಿನಂತೆ ಕೆಲಸ ಹಂಚಿಕೊಳ್ಳಲಿ ಎಂದು ನಿರೀಕ್ಷಿಸುತ್ತಾರೆ.

ಸ್ನಾನದ ತೊಟ್ಟಿಯ ಬಿಸಿನೀರನ್ನು ಮನೆಮಂದಿಯೆಲ್ಲ ಒಬ್ಬರಾದ ಮೇಲೊಬ್ಬರು ಬಳಸುತ್ತಾರೆ. ಹೊರಗೆ ಕುಳಿತು ಸೋಪು ಹಚ್ಚಿ ಪೂರ್ತಿ ತೊಳೆದುಕೊಂಡ ಮೇಲಷ್ಟೇ ಒಳಗಿಳಿಯಬೇಕು, ಎದ್ದ ಮೇಲೆ ತೊಟ್ಟಿಯ ನೀರನ್ನು ಹೊರಗೆ ಹರಿಬಿಡಬಾರದು. ಸಂಜೆ ತಡವಾಗುವುದಾದರೆ ಊಟದ ಹೊತ್ತಿಗೆ ಮುಂಚೆ ತಿಳಿಸಬೇಕು, ಇದನ್ನು ಮರೆತಾಗ ಅವರು ಬೈಯುವುದಿಲ್ಲ, ಆದರೆ ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ. ಚಳಿಗೆ ಸಿದ್ಧಳಾಗಿರಲಿ. ಉತ್ತರ ತುದಿಯ ದ್ವೀಪವಾದ ಹೊಕ್ಕೈದೊದ ಮನೆಗಳು ಒಳಗೆ ಬೆಚ್ಚಗಿರುತ್ತವೆ, ಅದಕ್ಕಿಂತ ದಕ್ಷಿಣದ ಎಷ್ಟೋ ಮನೆಗಳಲ್ಲಿ ಜನರಿರುವ ಕೋಣೆಯನ್ನಷ್ಟೇ ಬಿಸಿ ಮಾಡುತ್ತಾರೆ, ಮೊಗಸಾಲೆ ಮಂಜುಗಡ್ಡೆಯಂತಿರುತ್ತದೆ. ಭೂಕಂಪದ ಬಗ್ಗೆ ಹೆದರಬೇಡಿ ಎನ್ನಲಾರೆ, ಆದರೆ ಶಾಲೆಗಳಲ್ಲಿ ತಾಲೀಮು ಕಟ್ಟುನಿಟ್ಟಾಗಿ ನಡೆಯುತ್ತದೆ. 1923ರ ಕಾಂತೊ ಭೂಕಂಪದ ದಿನವಾದ ಸೆಪ್ಟೆಂಬರ್ 1 ವಿಪತ್ತು ತಡೆ ದಿನವಾದ್ದರಿಂದ ಅವಳು ಬಂದ ಹೊಸದರಲ್ಲೇ ಮೇಜಿನಡಿ ಕುಳಿತುಕೊಳ್ಳುವ ಅಭ್ಯಾಸ ಆಗಿಬಿಡಬಹುದು.

ಪ್ರಶ್ನೆ ಕೇಳಿದವರು: ಮೈಸೂರಿನ ತಾಯಿ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ಊಟದ ಬಗ್ಗೆ ನಿನ್ನೆ ರಾತ್ರಿ ಮನೆಯಲ್ಲಿ ಮಾತನಾಡಿದೆವು. ಬ್ರೆಡ್ಡು, ಕೇಕುಗಳಲ್ಲಿ ಬೆರೆತ ಮೊಟ್ಟೆ ತನಗೆ ಅಡ್ಡಿಯಿಲ್ಲ, ಮೀನಿನ ಸಾರು ಮಾತ್ರ ಬೇಡ ಎಂದು ಮಗಳೇ ಹೇಳಿದಳು, ಅದನ್ನೇ ಬರೆಯುತ್ತೇವೆ. ಇನ್ನೆರಡು ಸಂಗತಿ ಕೇಳಬೇಕಿತ್ತು. ದಿನಾ ಒಮ್ಮೆ ವಿಡಿಯೊ ಕರೆ ಮಾಡುವುದು ಸರಿಯೇ? ಅವಳು ಚಿಕ್ಕಂದಿನಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ, ಅಲ್ಲಿ ಅದಕ್ಕೆ ಏನಾದರೂ ದಾರಿ ಇದೆಯೇ?

ಉತ್ತರ: ಹಿಂದೆ ವಿನಿಮಯ ವಿದ್ಯಾರ್ಥಿನಿಯಾಗಿದ್ದವಳು, ಬೆಂಗಳೂರು

ದಿನಾ ಕರೆ ಮಾಡಬೇಡಿ, ವಾರಕ್ಕೊಮ್ಮೆ ಭಾನುವಾರ ಸಾಕು. ಅಲ್ಲಿಯ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿರುವುದರಿಂದ ನೀವು ಸಂಜೆ ಆರೂವರೆಗೆ ಬಿಡುವಾಗುವ ಹೊತ್ತಿಗೆ ಅಲ್ಲಿ ರಾತ್ರಿ ಹತ್ತಾಗಿರುತ್ತದೆ. ಅದಕ್ಕೂ ಮುಂಚಿನ ಸಂಜೆ ಎಂದರೆ ಆ ಮನೆಯವರು ಒಟ್ಟಿಗೆ ಕುಳಿತು ಉಣ್ಣುವ, ಟಿವಿ ನೋಡುವ ಹೊತ್ತು. ಆಗ ಅವಳು ಕೋಣೆಯ ಬಾಗಿಲು ಹಾಕಿಕೊಂಡು ಕನ್ನಡದಲ್ಲಿ ಮಾತನಾಡುತ್ತಿದ್ದರೆ ಆ ಮನೆಯ ಭಾಷೆಯೂ ಬಾರದು, ಮನೆಯವರ ಸಲಿಗೆಯೂ ಬೆಳೆಯದು. ನಿಜವಾದ ತೊಂದರೆ ಇದ್ದರೆ ಆ ಊರಿನಲ್ಲೇ ಕಾರ್ಯಕ್ರಮದ ಪರವಾಗಿ ಒಬ್ಬರು ಮಾರ್ಗದರ್ಶಕರು ಇರುತ್ತಾರೆ, ಮೊದಲು ಅವರಿಗೆ ಹೇಳಲಿ. ಹೊಂದಾಣಿಕೆಯಾಗದಿದ್ದರೆ ಕುಟುಂಬವನ್ನು ಬದಲಿಸುವುದೂ ಸಾಧ್ಯ, ಅದರಲ್ಲಿ ಯಾರಿಗೂ ಅವಮಾನವಿಲ್ಲ.

ಸಂಗೀತದ ಸುದ್ದಿ ಕೇಳಿ ನನಗೆ ನಿಜಕ್ಕೂ ಸಂತೋಷವಾಯಿತು. ಬಹಳಷ್ಟು ಹೈಸ್ಕೂಲುಗಳಲ್ಲಿ ವೃಂದಗಾನದ ಕ್ಲಬ್ಬು ಇರುತ್ತದೆ, ಕೆಲವು ಕಡೆ 13 ತಂತಿಗಳ ಕೊತೊ ವಾದ್ಯದ ಕ್ಲಬ್ಬೂ ಉಂಟು. ವೃಂದಗಾನದಲ್ಲಿ ಒಂದೇ ಹೊತ್ತಿಗೆ ಮೂರು ನಾಲ್ಕು ಬೇರೆ ಬೇರೆ ಸ್ವರಸಾಲುಗಳು ನಡೆಯುತ್ತವೆ. ಒಂದೇ ಧಾಟಿಯಲ್ಲಿ ಹಾಡಿ ಬೆಳೆದವಳಿಗೆ ಪಕ್ಕದವರ ದನಿಗೆ ಜಾರದೆ ತನ್ನ ಸಾಲನ್ನು ಹಿಡಿದುಕೊಳ್ಳುವುದು ಮೊದಲು ಕಷ್ಟವೆನಿಸುತ್ತದೆ, ಆದರೆ ಶ್ರುತಿ ಶುದ್ಧವಾಗಿದ್ದರೆ ಅವರು ಕೂಡಲೇ ಗುರುತಿಸುತ್ತಾರೆ. ಹಾಡಿನ ಸಾಹಿತ್ಯವನ್ನು ಅಕ್ಷರ ಅಕ್ಷರವಾಗಿ ಉಚ್ಚರಿಸುವ ಅಭ್ಯಾಸದಿಂದ ಭಾಷೆಯೂ ನಾಲಿಗೆಗೆ ಹತ್ತುತ್ತದೆ. ಮೂರನೆಯ ವರ್ಷದವರಲ್ಲಿ ಹೆಚ್ಚಿನವರು ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆಂದು ಬೇಸಿಗೆಯಲ್ಲೋ ಶರತ್ಕಾಲದಲ್ಲೋ ಕ್ಲಬ್ಬನ್ನು ಬಿಡುವುದರಿಂದ, ಅವಳು ಸೇರುವ ಕಾಲಕ್ಕೆ ಹೊಸ ದನಿಗಳಿಗೆ ಜಾಗವಿರುವ ಸಂಭವವೂ ಹೆಚ್ಚು. ಅರ್ಜಿಯೊಂದಿಗೆ ಕುಟುಂಬಕ್ಕೆ ಬರೆಯುವ ಪರಿಚಯ ಪತ್ರದಲ್ಲಿ ಎಷ್ಟು ವರ್ಷದಿಂದ ಹಾಡುತ್ತಿದ್ದಾಳೆ ಎಂಬುದನ್ನು ಬರೆಯಿರಿ, ಶಾಲೆ ಗೊತ್ತಾದ ದಿನವೇ ಅಲ್ಲಿ ಯಾವ ಯಾವ ಕ್ಲಬ್ಬುಗಳಿವೆ ಎಂದು ಕಾರ್ಯಕ್ರಮದವರ ಮೂಲಕ ಕೇಳಿಸಿ.