ಟಿಬಿ ಮಾತ್ರೆ ಎಣಿಸ್ತಾರೆ ಸರಿ, ತೊಂದರೆಯಾದರೆ ಯಾರಿಗೆ ಹೇಳೋದು?

ಮುದ್ದೆಮನೆ:
ಅಮ್ಮನಿಗೆ ಟಿಬಿ ಮಾತ್ರೆ ಶುರುವಾಗಿ ಐದು ವಾರ. ಸರ್ಕಾರಿ ಆಸ್ಪತ್ರೆಯದ್ದೇ. ತೂಕ 41 ಕೆಜಿ, ದಿನಕ್ಕೆ ಮೂರು. ಆಶಾ ಅಕ್ಕ ವಾರಕ್ಕೊಮ್ಮೆ ಬಂದು ಖಾಲಿ ಸ್ಟ್ರಿಪ್ ಎಣಿಸಿಕೊಂಡು ಹೋಗುತ್ತಾರೆ, ಪಾಪ ಅವರಿಗೂ ನೂರೆಂಟು ಕೆಲಸ. ಆದರೆ ಅಮ್ಮನಿಗೆ ಶುಗರ್ ಕೂಡ ಇದೆ, ಅದಕ್ಕೆ ಹೊರಗಿನ ಕ್ಲಿನಿಕ್‌ನಿಂದ ಗ್ಲಿಮೆಪಿರೈಡ್ ತಗೊಳ್ತಾರೆ. ಖಾಲಿ ಹೊಟ್ಟೆಯಲ್ಲಿ 130 ಇರುತ್ತಿದ್ದದ್ದು ಈಗ 210. ಊಟ ಅದೇ ಅರ್ಧ ಮುದ್ದೆ. ಎರಡು ದಿನದಿಂದ ವಾಂತಿ ಬೇರೆ. ಟಿಬಿ ಮಾತ್ರೆ ಸ್ವಲ್ಪ ದಿನ ಬಿಟ್ಟು ನೋಡೋಣ ಅಂತಾರೆ ಅಪ್ಪ. ಬಿಡಬಹುದಾ?

ಕ್ಷಯ ವಿಭಾಗದವನು:
ನೀವಾಗಿ ಬಿಡಬೇಡಿ, ಅರ್ಧಕ್ಕೆ ಬಿಟ್ಟರೆ ರೋಗಾಣು ಮದ್ದಿಗೆ ಬಗ್ಗದ ಹಾಗಾಗುತ್ತದೆ. ಹಾಗಂತ ಸುಮ್ನೆ ಕೂರಲೂಬೇಡಿ. ಇವತ್ತೇ ಕರೆದುಕೊಂಡು ಹೋಗಿ ಲಿವರ್ ಟೆಸ್ಟ್ ಕೇಳಿ. ಮೂತ್ರ ಕಿತ್ತಳೆ ಬಣ್ಣ ಬಂದರೆ ಹೆದರಬೇಡಿ, ಅದು ಟಿಬಿ ಮಾತ್ರೆಯಲ್ಲಿರುವ ರಿಫಾಂಪಿಸಿನ್ ಅನ್ನೋ ಮದ್ದಿನ ಬಣ್ಣ. ಕಣ್ಣು ಹಳದಿಯಾಗಿದ್ದರೆ ಮಾತ್ರ ಮುಂದಿನ ಡೋಸ್‌ಗೆ ಮುಂಚೆಯೇ ಡಾಕ್ಟರ್ ಮುಂದೆ ಇರಬೇಕು.

ಮೆಡಿಕಲ್ ಶಾಪ್ ಅಣ್ಣ:
ಶುಗರ್ ಏರಿದ್ದು ಮುದ್ದೆಯಿಂದ ಅಲ್ಲ ಅನ್ಸುತ್ತೆ. ರಿಫಾಂಪಿಸಿನ್ ಇದ್ದರೆ ಲಿವರ್ ಗ್ಲಿಮೆಪಿರೈಡನ್ನು ಬೇಗ ಒಡೆದು ಹಾಕುತ್ತದೆ, ಅದೇ ಮಾತ್ರೆ ಅರೆಬರೆ ಕೆಲಸ ಮಾಡುತ್ತದೆ. ಟಿಬಿಯಿಂದಲೂ ಶುಗರ್ ಏರಬಹುದು, ಅದು ಬೇರೆ. ನಮ್ಮ ಕೌಂಟರ್‌ನಲ್ಲಿ ದಿನಾ ನೋಡುತ್ತೇನೆ, ಸರ್ಕಾರಿ ಚೀಟಿ ಒಂದು ಚೀಲದಲ್ಲಿ, ಕ್ಲಿನಿಕ್ ಚೀಟಿ ಇನ್ನೊಂದರಲ್ಲಿ, ಇವರದ್ದು ಅವರಿಗೆ ಗೊತ್ತಿಲ್ಲ. ಎರಡನ್ನೂ ಒಟ್ಟಿಗೆ ತೋರಿಸಿ. ಇನ್ನೊಂದು, ಈಗ ಶುಗರ್ ಡೋಸ್ ಜಾಸ್ತಿ ಮಾಡಿದರೆ ಆರು ತಿಂಗಳ ಕೋರ್ಸ್ ಮುಗಿದ ಮೇಲೆ ಮತ್ತೆ ಇಳಿಸಬೇಕಾಗಬಹುದು. ಇದನ್ನು ಎಲ್ಲರೂ ಮರೆಯುತ್ತಾರೆ, ಆಮೇಲೆ ಶುಗರ್ ಕುಸಿದು ಬೀಳುತ್ತಾರೆ.

ಗುಣವಾದವಳು:
ನನಗೆ ಪಾದ ಜುಮ್ ಅನ್ನುತ್ತಿತ್ತು. ಒಂದು ತಿಂಗಳು ಯಾರಿಗೂ ಹೇಳಲಿಲ್ಲ, ಯಾರೂ ಕೇಳಲೂ ಇಲ್ಲ. ಟಿಬಿ ಮಾತ್ರೆಯಲ್ಲಿರುವ ಐಸೋನಿಯಾಜಿಡ್‌ನಿಂದ ಆಗಿದ್ದಂತೆ, ಪಿರಿಡಾಕ್ಸಿನ್ (ವಿಟಮಿನ್ ಬಿ6) ಕೊಟ್ಟ ಮೇಲೆ ಸರಿಹೋಯಿತು. ಕೆಂಪು ಹಸಿರು ಮಸುಕಾದರೆ ಅದನ್ನೂ ಹೇಳಿ, ಅದೇ ಮಾತ್ರೆಯಲ್ಲಿರುವ ಎಥಾಂಬುಟಾಲ್ ಕಣ್ಣಿಗೆ ತೊಂದರೆ ಕೊಡಬಹುದು. ಮಾತ್ರೆಯಿಂದಾದ ತೊಂದರೆ ಬರೆಸಲು 1800-180-3024 ಇದೆ, ದುಡ್ಡಿಲ್ಲ. ನಾವೇ ಫೋನ್ ಮಾಡಬಹುದು.

ಮುದ್ದೆಮನೆ:
ಹೋಗಿ ಬಂದೆವು. ಲಿವರ್ ಸರಿ ಇದೆ. ಖಾಲಿ ಹೊಟ್ಟೆಗೆ ಮೂರೂ ನುಂಗುತ್ತಿದ್ದರು, ಇನ್ನು ತಿಂಡಿ ಆದ ಮೇಲೆ. ಎರಡೂ ಚೀಟಿ ಮೇಜಿನ ಮೇಲಿಟ್ಟ ಕೂಡಲೇ ಡಾಕ್ಟರ್ ಗ್ಲಿಮೆಪಿರೈಡ್ ನಿಲ್ಲಿಸಿ ಸದ್ಯಕ್ಕೆ ಇನ್ಸುಲಿನ್ ಬರೆದರು. ಆಶಾ ಅಕ್ಕ ನಿನ್ನೆ ಬಂದಾಗ ಸ್ಟ್ರಿಪ್ ಜೊತೆ ಶುಗರ್ ಪುಸ್ತಕವನ್ನೂ ಕೊಟ್ಟೆ, ಎರಡನ್ನೂ ನೋಡಿದರು.